ಕುದುರೆಯ ಸಜ್ಜಿನ ತೊಗಲು

ಕೆಲವು ವರ್ಷ ಉಪಯೋಗವಿಲ್ಲದೆ ಗೋಡೆಯ ಗೂಟದಲ್ಲಿ ತೂಗುತ್ತಿದ್ದ ಲಗಾಮನ್ನು ಕೈಗೆ ತೆಗೆದುಕೊಂಡು ನೋಡಿದರೆ ಅದು ಒಣಗಿದ ತೊಗಟೆಯಂತೆ ಬಿರುಸಾಗಿರುತ್ತದೆ. ಜೀನಿನ ಅಂಚುಗಳು ಮೇಲಕ್ಕೆ ಸುರುಟಿಕೊಂಡಿರುತ್ತವೆ. ಬಕಲು ಕೂಡುವ ಕಡೆಗಳಲ್ಲಿ ಸಣ್ಣ ಬಿರುಕುಗಳು ಕಾಣುತ್ತವೆ. ಮೈಸೂರಿನ ಟಾಂಗಾದವರಿಂದ ಹಿಡಿದು ಪೊಲೀಸ್ ಅಶ್ವದಳದ ಸವಾರರವರೆಗೆ ಕುದುರೆಯೊಡನೆ ಬಾಳುವವರಿಗೆಲ್ಲ ಇದು ಪರಿಚಿತವಾದ ನೋಟ. ಇದಕ್ಕೆ ಸಾಮಾನ್ಯವಾಗಿ ಹೇಳುವ ಮದ್ದು ಒಂದೇ: ಚೆನ್ನಾಗಿ ಎಣ್ಣೆ ಹಚ್ಚುವುದು. ಆ ಮದ್ದು ಕೆಲವು ಸಜ್ಜುಗಳನ್ನು ನಿಜವಾಗಿಯೂ ಬದುಕಿಸುತ್ತದೆ. ಕೆಲವನ್ನು, ಅವು ಸತ್ತಿದ್ದರೂ, ಬದುಕಿರುವಂತೆ ತೋರಿಸುತ್ತದೆ. ಎರಡನೆಯದರಲ್ಲಿಯೇ ಅಪಾಯವಿರುವುದು. ನೋಟಕ್ಕೆ ಮೃದುವಾದ ಹೊಟ್ಟೆಪಟ್ಟಿಯೊಂದು ಕುದುರೆ ನಾಗಾಲೋಟದಲ್ಲಿರುವಾಗ ಕಿತ್ತುಹೋದರೆ ಜೀನು ಮಗುಚಿ ಸವಾರ ನೆಲಕ್ಕೆ ಬೀಳುತ್ತಾನೆ. ಆದುದರಿಂದ ಎಣ್ಣೆಯ ಬಟ್ಟಲನ್ನು ಎತ್ತಿಕೊಳ್ಳುವ ಮೊದಲು ತೊಗಲಿನೊಳಗೆ ಏನು ನಡೆದಿದೆಯೆಂಬುದನ್ನು ತಿಳಿಯುವುದು ಅವಶ್ಯ.

ತೊಗಲು ಬಟ್ಟೆಯಂತೆ ನೇಯ್ದುದಲ್ಲ. ರಬ್ಬರಿನಂತೆ ಏಕರೂಪವಾದ ವಸ್ತುವೂ ಅಲ್ಲ. ಕೊಲ್ಯಾಜೆನ್ ಎಂಬ ಪ್ರೋಟೀನಿನ ಎಳೆಗಳು ಕಂತೆಕಂತೆಯಾಗಿ ಎಲ್ಲ ದಿಕ್ಕುಗಳಲ್ಲಿಯೂ ಹೆಣೆದುಕೊಂಡಿರುವ ಒಂದು ಜಾಲ ಅದು. ಈ ಪ್ರೋಟೀನಿನ ಅಣು, ಮೂರು ಸರಪಣಿಗಳು ಒಂದನ್ನೊಂದು ಸುತ್ತಿಕೊಂಡ ಹುರಿಯಂತಿದೆಯೆಂಬ ವಿವರಣೆಯನ್ನು ೧೯೫೪-೫೫ರಲ್ಲಿ ಮುಂದಿಟ್ಟವರು ಅಂದಿನ ಮದರಾಸಿನಲ್ಲಿ ಕೆಲಸಮಾಡುತ್ತಿದ್ದ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದವರು. ಅವರು ಕ್ಷಕಿರಣಗಳಿಂದ ಪರೀಕ್ಷಿಸಿದ್ದು ಕಾಂಗರೂವಿನ ಬಾಲದ ಸ್ನಾಯುರಜ್ಜುವನ್ನು. ಆದರೆ ನಮ್ಮ ಎತ್ತಿನ ತೊಗಲಿನಲ್ಲಿರುವುದೂ ಅಂಥದೇ ಮೂರೆಳೆಯ ಹುರಿ.

ಹಸಿ ಚರ್ಮದಲ್ಲಿ ಈ ಎಳೆಗಳ ನಡುವೆ ನೀರು ತುಂಬಿರುತ್ತದೆ. ನೀರು ಆವಿಯಾಗುತ್ತ ಹೋದಂತೆ ಸಂದುಗಳಲ್ಲಿ ಉಳಿದ ನೀರಿನ ಮೇಲ್ಮೈ ಎಳೆತವು ಎಳೆಗಳನ್ನು ಹತ್ತಿರಕ್ಕೆ ಸೆಳೆಯುತ್ತದೆ. ತಲೆಗೆ ನೀರೆರೆದುಕೊಂಡಾಗ ಕೂದಲುಗಳು ಒಂದಕ್ಕೊಂದು ಅಂಟಿಕೊಳ್ಳುವುದು ಇದೇ ಬಲದಿಂದ. ನೀರು ಹೋಗಿ ಮುಗಿಯುವ ವೇಳೆಗೆ ಎಳೆಗಳು ಪರಸ್ಪರ ಮುಟ್ಟಿ, ಜಲಜನಕದ ಬಂಧಗಳಿಂದ ಬಿಗಿದುಕೊಂಡು, ಚರ್ಮವು ಹಲಗೆಯಂತಾಗುತ್ತದೆ. ತಮಟೆಯವರು ವಾದ್ಯವನ್ನು ಬೆಂಕಿಗೆ ಹಿಡಿದು ಬಿಗಿಮಾಡಿಕೊಳ್ಳುವುದನ್ನು ವಾಚಕರು ನೋಡಿರಬಹುದು. ತಮಟೆಗೆ ಬೇಕಾದ ಆ ಗುಣವೇ ಲಗಾಮಿಗೆ ಶತ್ರು.

ಚರ್ಮವನ್ನು ಹದಮಾಡುವಾಗ ತೊಗಟೆಯ ಟ್ಯಾನಿನ್ ಎಳೆಗಳ ನಡುವೆ ಸೇರಿ, ಅವು ಕೊಳೆಯದಂತೆಯೂ ಪೂರ್ತಿ ಅಂಟಿಕೊಳ್ಳದಂತೆಯೂ ತಡೆಯುತ್ತದೆ. ಅಷ್ಟೇ ಸಾಲದೆಂದು ಸಜ್ಜಿನ ತೊಗಲಿಗೆ ಪಶುವಿನ ಕೊಬ್ಬು, ಮೀನೆಣ್ಣೆಗಳನ್ನು ಧಾರಾಳವಾಗಿ ಉಣಿಸುವುದು ಹಳೆಯ ಪದ್ಧತಿ; ತೂಕದ ಐದನೆಯ ಒಂದು ಪಾಲು ಜಿಡ್ಡೇ ಆಗಿರುವುದುಂಟು. ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆಯಂತೆ ಈ ಜಿಡ್ಡು ಎಳೆ ಎಳೆಯ ಮೇಲೂ ತೆಳುವಾದ ಪೊರೆಯಾಗಿ ನಿಂತು, ತೊಗಲು ಬಾಗಿದಾಗ ಅವು ಒಂದರ ಮೇಲೊಂದು ಜಾರಲು ಅನುಕೂಲ ಮಾಡುತ್ತದೆ. ಇದರೊಡನೆ ಸಾಧಾರಣ ಹವೆಯಲ್ಲಿ ತೊಗಲು ಶೇಕಡ ೧೪ರ ಆಸುಪಾಸಿನಷ್ಟು ನೀರನ್ನೂ ಹಿಡಿದಿರುತ್ತದೆ. ಬಿಸಿಲು, ಒಣಗಾಳಿ, ಒಲೆಯ ಶಾಖಗಳು ಆ ನೀರನ್ನು ಕಸಿಯುತ್ತವೆ. ಬೆವರು, ಸಾಬೂನು ಮತ್ತು ಗಾಳಿಯ ಆಮ್ಲಜನಕ ಜಿಡ್ಡನ್ನು ಕ್ರಮೇಣ ಕಳೆಯುತ್ತವೆ. ಹೀಗೆ ಒಣಗಿದ ತೊಗಲಿನಲ್ಲಿ ಎಳೆಗಳು ಅಂಟಿಕೊಂಡಿರುತ್ತವೆ, ಆದರೆ ಇಡಿಯಾಗಿರುತ್ತವೆ.

ಇನ್ನೊಂದು ರೋಗ ಇದಕ್ಕಿಂತ ತೀರ ಬೇರೆ. ೧೮೪೦ರ ದಶಕದಲ್ಲಿ ಲಂಡನ್ನಿನಲ್ಲಿ ಗ್ಯಾಸಿನ ದೀಪ ಉರಿಯುತ್ತಿದ್ದ ಕೊಠಡಿಗಳ ತೊಗಲಿನ ರಟ್ಟುಗಳು ಶಿಥಿಲವಾಗುತ್ತಿದ್ದುದಕ್ಕೆ ಆ ದೀಪಗಳಿಂದ ಹೊರಡುವ ಗಂಧಕದ ಸಂಯುಕ್ತಗಳೇ ಕಾರಣವೆಂದು ಗುರುತಿಸಿದವನು ಮೈಕೆಲ್ ಫ್ಯಾರಡೆ. ವಿದ್ಯುತ್ತಿನ ಪಾಠದಲ್ಲಿ ಮಾತ್ರ ಅವನನ್ನು ಕಾಣುವ ವಿದ್ಯಾರ್ಥಿಗಳಿಗೆ ಇದು ಆಶ್ಚರ್ಯವೆನಿಸಬಹುದು. ಕಲ್ಲಿದ್ದಲು, ಎಣ್ಣೆಗಳ ಹೊಗೆಯಲ್ಲಿರುವ ಗಂಧಕದ ಡೈಆಕ್ಸೈಡನ್ನು ತೊಗಲು ಹೀರಿಕೊಳ್ಳುತ್ತದೆ. ಅದು ಒಳಗೆ ಗಂಧಕಾಮ್ಲವಾಗಿ ಮಾರ್ಪಟ್ಟು ಪ್ರೋಟೀನಿನ ಸರಪಣಿಗಳನ್ನೇ ಕಡಿದುಹಾಕುತ್ತದೆ. ಕೊನೆಗೆ ಮೇಲ್ಮೈ ಕೆಂಪು ಪುಡಿಯಾಗಿ ಉದುರುತ್ತದೆ. ಇದನ್ನು ಕೆಂಪು ಕೊಳೆ ಎನ್ನಬಹುದು. ಯಾವ ಟ್ಯಾನಿನ್ನಿನಿಂದ ಹದಮಾಡಿದ್ದೆಂಬುದೂ ಇಲ್ಲಿ ಮುಖ್ಯ. ತಂಗಡಿ ಗಿಡದ ತೊಗಟೆಯಲ್ಲಿರುವ ಬಗೆಯ ಟ್ಯಾನಿನ್ ಈ ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ. ಅಳಲೆಕಾಯಿಯ ಟ್ಯಾನಿನ್ ಹೆಚ್ಚು ತಡೆದುಕೊಳ್ಳುತ್ತದೆ. ದಕ್ಷಿಣ ಭಾರತದ ಹದಗಾರರು ತಂಗಡಿಯಲ್ಲಿ ಹದಗೊಂಡ ತೊಗಲನ್ನು ಕೊನೆಗೆ ಅಳಲೆಯ ಕಷಾಯದಲ್ಲಿ ಅದ್ದುತ್ತಿದ್ದುದು ಎಷ್ಟು ವಿವೇಕದ ಕೆಲಸವೆಂದು ಇದರಿಂದ ಊಹಿಸಬಹುದು.

ಅಂಟಿಕೊಂಡ ಎಳೆಗಳನ್ನು ಬಿಡಿಸಬಹುದು. ತುಂಡಾದ ಎಳೆಗಳನ್ನು ಯಾವ ಎಣ್ಣೆಯೂ ಬೆಸೆಯಲಾರದು. ಆದುದರಿಂದ ಮೊದಲ ಕೆಲಸ, ಇದು ಯಾವ ರೋಗವೆಂದು ನೋಡುವುದು. ಬಿಳಿಯ ಒಣಬಟ್ಟೆಯಿಂದ ಪಟ್ಟಿಯನ್ನು ಮೆಲ್ಲನೆ ಒರೆಸಿ; ಬಟ್ಟೆಗೆ ಇಟ್ಟಿಗೆಯ ಬಣ್ಣದ ಹುಡಿ ಮತ್ತೆ ಮತ್ತೆ ಹತ್ತಿದರೆ ಅದು ಕೆಂಪು ಕೊಳೆ. ಅಂಥ ತೊಗಲನ್ನು ನೆನೆಸಲೂ ಕೂಡದು. ನೀರು ಬಿದ್ದರೆ ಕಪ್ಪಾಗಿ ಗಡುಸಾಗುತ್ತದೆ. ಅದನ್ನು ಹಿರಿಯರ ನೆನಪಿಗೆಂದು ಗೋಡೆಯ ಮೇಲೆ ಇಟ್ಟುಕೊಳ್ಳಬಹುದು, ಕುದುರೆಯ ಮೇಲೆ ಹಾಕಬಾರದು.

ಬಾಗಿಸಿ ಪರೀಕ್ಷಿಸುವ ಆತುರ ಬೇಡ. ನಾಲ್ಕು ಮಿಲಿಮೀಟರ್ ದಪ್ಪದ ಪಟ್ಟಿಯನ್ನು, ಅದರ ನಡುಪದರ ಹತ್ತು ಮಿಲಿಮೀಟರ್ ತ್ರಿಜ್ಯದ ಕಂಸವಾಗುವಂತೆ ಬಾಗಿಸಿದೆವೆನ್ನೋಣ. ಹೊರಮೈ ನಡುಪದರಕ್ಕಿಂತ ಎರಡು ಮಿಲಿಮೀಟರ್ ಆಚೆಗಿರುವುದರಿಂದ ಅದು ಹತ್ತರಲ್ಲಿ ಎರಡು ಪಾಲು, ಎಂದರೆ ಶೇಕಡ ೨೦ರಷ್ಟು ಹಿಗ್ಗಬೇಕಾಗುತ್ತದೆ. ಎಳೆಗಳು ಜಾರಬಲ್ಲ ತೊಗಲು ಇದನ್ನು ಸಹಿಸುತ್ತದೆ. ಅಂಟಿಕೊಂಡ ತೊಗಲು ಬಿರಿಯುತ್ತದೆ. ಬಿರುಕುಗಳು ಮೊದಲು ಬಕಲಿನ ಬಳಿಯಲ್ಲಿಯೇ ಏಕೆ ಕಾಣಿಸಿಕೊಳ್ಳುತ್ತವೆಂಬುದಕ್ಕೂ ಇದೇ ಉತ್ತರ. ಎಣ್ಣೆ ಒಳಗಿಳಿದ ಮೇಲೆಯೇ ಪಟ್ಟಿಯನ್ನು ಬಾಗಿಸತಕ್ಕದ್ದು.

ಇಡಿಯಾಗಿರುವ ಒಣ ತೊಗಲಿನ ಬಕಲುಗಳನ್ನು ಬಿಚ್ಚಿ, ಹಿಂಡಿದ ಒದ್ದೆ ಬಟ್ಟೆಯಿಂದ ಧೂಳು, ಬೆವರಿನ ಉಪ್ಪು ಹೋಗುವಂತೆ ಒರೆಸಬೇಕು. ತೊಗಟೆಯಲ್ಲಿ ಹದಗೊಂಡ ತೊಗಲು ಸ್ವಲ್ಪ ಆಮ್ಲ ಗುಣವುಳ್ಳದ್ದು. ಬಟ್ಟೆ ಒಗೆಯುವ ಸಾಬೂನು ಕ್ಷಾರ. ಎರಡಕ್ಕೂ ಒಗ್ಗುವುದಿಲ್ಲ. ಬಿಸಿನೀರಂತೂ ಕೂಡದು. ಇಂಥ ತೊಗಲು ಹೊಸದಾಗಿರುವಾಗ ೭೫ರಿಂದ ೮೫ ಡಿಗ್ರಿ ಸೆಂಟಿಗ್ರೇಡಿನ ನೀರಿನಲ್ಲಿ ಥಟ್ಟನೆ ಮುದುಡಿಕೊಳ್ಳುತ್ತದೆ; ಹಳತಾಗಿ ಕೆಟ್ಟದ್ದು ಅದಕ್ಕಿಂತ ಬಹಳ ಕಡಮೆ ಶಾಖದಲ್ಲಿಯೇ ಮುದುಡುತ್ತದೆ. ಒಮ್ಮೆ ಮುದುಡಿದ ಮೂರೆಳೆಯ ಹುರಿ ಮರಳಿ ಮೊದಲಿನಂತಾಗದು.

ಒರೆಸಿದ ತೊಗಲು ಪೂರ್ತಿ ಒಣಗುವ ಮೊದಲೇ, ಇನ್ನೂ ತಣ್ಣಗೆ ತೇವವಾಗಿರುವಾಗಲೇ, ಎಣ್ಣೆ ಹಚ್ಚುವುದು ಹಳೆಯ ಕುಶಲಿಗಳ ಪದ್ಧತಿ. ನೀರಿಗೂ ಎಣ್ಣೆಗೂ ಆಗದೆಂದು ತಿಳಿದವರಿಗೆ ಇದು ವಿಚಿತ್ರವಾಗಿ ತೋರಬಹುದು. ತೇವವು ಎಳೆಗಳನ್ನು ಬಿಡಿಸಿ ದಾರಿ ತೆರೆದಿರುತ್ತದೆ. ನೀರು ಮೆಲ್ಲನೆ ಆರಿಹೋದಂತೆ ಅದು ಬಿಟ್ಟ ಜಾಗಕ್ಕೆ ಎಣ್ಣೆ ಇಳಿಯುತ್ತದೆ. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಸಂದುಗಳು ಆಗಲೇ ಮುಚ್ಚಿರುತ್ತವೆ.

ಎಣ್ಣೆ ಒಳಗಿಳಿಯುವುದು ಸೂಕ್ಷ್ಮನಾಳಗಳ ಸೆಳೆತದಿಂದ, ದೀಪದ ಬತ್ತಿಯಲ್ಲಿ ಏರುವಂತೆಯೇ. ಹೀಗೆ ನುಗ್ಗುವ ದೂರವು ಕಾಲದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆಯೆಂದು ೧೯೨೧ರಲ್ಲಿ ವಾಷ್‌ಬರ್ನ್ ತೋರಿಸಿದನು. ಮೊದಲನೆಯ ಮಿಲಿಮೀಟರಿಗೆ ಒಂದು ಗಂಟೆ ಹಿಡಿದರೆ, ಎರಡು ಮಿಲಿಮೀಟರಿಗೆ ನಾಲ್ಕು ಗಂಟೆ, ಮೂರಕ್ಕೆ ಒಂಬತ್ತು ಗಂಟೆ. ಬಟ್ಟಲುಗಟ್ಟಲೆ ಸುರಿದರೂ ಈ ನಿಯಮವನ್ನು ಅವಸರಪಡಿಸಲಾಗದು. ತೆಳುವಾಗಿ ಒಮ್ಮೆ ಹಚ್ಚಿ, ಒಂದು ದಿನ ಬಿಟ್ಟು, ಬೇಕಾದರೆ ಮತ್ತೊಮ್ಮೆ ತೆಳುವಾಗಿ ಹಚ್ಚುವುದೇ ಸರಿಯಾದ ಕ್ರಮ. ನುಣುಪಾದ ಹೊರಮೈಗಿಂತ ಒರಟಾದ ಒಳಮೈಯಲ್ಲಿ ಅದು ಸುಲಭವಾಗಿ ಇಳಿಯುತ್ತದೆ. ಎಣ್ಣೆ ಕೈಗೆ ಹಿತವೆನಿಸುವಷ್ಟು ಬೆಚ್ಚಗಿದ್ದರೆ ಅದರ ಸ್ನಿಗ್ಧತೆ ಕಡಮೆಯಾಗಿ ಇನ್ನಷ್ಟು ಅನುಕೂಲ.

ಯಾವ ಎಣ್ಣೆ? ಹರಳೆಣ್ಣೆ ಕೆಡುವುದು ನಿಧಾನ, ಆದರೆ ಅದರ ಸ್ನಿಗ್ಧತೆ ಆಲಿವ್ ಎಣ್ಣೆಯ ಹತ್ತು ಪಟ್ಟಿಗಿಂತ ಹೆಚ್ಚು. ಅದೇ ಕಾಲದಲ್ಲಿ ಅದು ಇಳಿಯುವ ಆಳ ಮೂರನೆಯ ಒಂದಕ್ಕಿಂತ ಕಡಮೆ. ಕೊಬ್ಬರಿ ಎಣ್ಣೆ ೨೪-೨೫ ಡಿಗ್ರಿಯ ಕೆಳಗೆ ಹೆಪ್ಪುಗಟ್ಟುವುದರಿಂದ ಚಳಿಗಾಲದ ಬೆಳಗ್ಗೆ ತೊಗಲಿನ ಮೇಲೆ ಬಿಳಿಯ ಪೊರೆಯಾಗಿ ನಿಲ್ಲುತ್ತದೆ. ಅಗಸೆ ಎಣ್ಣೆಯನ್ನು ಮುಟ್ಟಲೇಬಾರದು: ಅದು ಗಾಳಿಯ ಆಮ್ಲಜನಕವನ್ನು ಹೀರಿ ಬಣ್ಣದ ಪದರದಂತೆ ಗಟ್ಟಿಯಾಗುತ್ತದೆ. ನಮ್ಮ ಕಡೆಯ ಹದಗಾರರು ಹೊಂಗೆಯೆಣ್ಣೆಯನ್ನು ಬಳಸುತ್ತ ಬಂದಿದ್ದಾರೆ. ಪಾಶ್ಚಾತ್ಯ ದೇಶಗಳ ಸಜ್ಜುಗಾರರ ಮೆಚ್ಚಿನದು ದನದ ಕಾಲೆಲುಬುಗಳನ್ನು ಕುದಿಸಿ ತೆಗೆದ ಎಣ್ಣೆ. ದೇಹದ ಒಳಭಾಗದ ಕೊಬ್ಬು ಗಡ್ಡೆಕಟ್ಟುವ ಶಾಖದಲ್ಲಿಯೂ ಇದು ದ್ರವವಾಗಿಯೇ ಉಳಿಯುತ್ತದೆ. ಪಶುವಿನ ಕಾಲುಗಳು ಒಡಲಿಗಿಂತ ತಣ್ಣಗಿರುತ್ತವಷ್ಟೆ. ಅಲ್ಲಿಯ ಜಿಡ್ಡು ಚಳಿಯಲ್ಲಿ ಗಟ್ಟಿಯಾದರೆ ಅದು ನಡೆಯುವುದು ಹೇಗೆ? ಪ್ರಕೃತಿ ಅಲ್ಲಿ ಒಲಿಯಿಕ್ ಆಮ್ಲದ ಅಂಶ ಹೆಚ್ಚಾಗಿರುವ ಕೊಬ್ಬನ್ನು ಇರಿಸಿದೆ.

ಎಣ್ಣೆ ಅತಿಯಾದರೆ ಎಳೆಗಳು ಬೇಕಾದುದಕ್ಕಿಂತ ಹೆಚ್ಚು ಜಾರಿ ಪಟ್ಟಿ ಜೋತುಬೀಳುತ್ತದೆ, ಧೂಳು ಹಿಡಿಯುತ್ತದೆ, ಹೊಲಿಗೆಯ ದಾರ ಕೊಳೆಯುತ್ತದೆ. ತೊಗಲು ಗಟ್ಟಿಯಾಗಿದ್ದು ದಾರ ಕಿತ್ತುಹೋದರೂ ಬೀಳುವುದು ಸವಾರನೇ ಎಂಬುದನ್ನು ಮರೆಯಬಾರದು.

ಮೃದುವಾದ ಮೇಲೂ ಮೂರು ಪಟ್ಟಿಗಳನ್ನು ಬೇರೆಯಾಗಿ ನೋಡಬೇಕು: ಹೊಟ್ಟೆಪಟ್ಟಿ, ರಿಕಾಪಿನ ಪಟ್ಟಿ, ಲಗಾಮು. ೬೦ ಕಿಲೋಗ್ರಾಂ ತೂಕದ ಸವಾರನು ಒಂದೇ ರಿಕಾಪಿನ ಮೇಲೆ ನಿಂತು ಹತ್ತುವಾಗ ಭಾರ ಸುಮಾರು ೬೦೦ ನ್ಯೂಟನ್. ಪಟ್ಟಿ ಮಡಿಸಿದ ಕುಣಿಕೆಯಾದುದರಿಂದ ಒಂದೊಂದು ಮಗ್ಗುಲಿಗೆ ೩೦೦. ಅಗಲ ೨೫, ದಪ್ಪ ೩ ಮಿಲಿಮೀಟರ್ ಇದ್ದು, ಬಕಲಿನ ರಂಧ್ರ ೫ ಮಿಲಿಮೀಟರನ್ನು ತಿಂದರೆ, ಉಳಿದ ೬೦ ಚದರ ಮಿಲಿಮೀಟರಿನ ಮೇಲೆ ಪೀಡನ ಚದರ ಮಿಲಿಮೀಟರಿಗೆ ೫ ನ್ಯೂಟನ್. ಒಳ್ಳೆಯ ತೊಗಲು ೨೦ನ್ನು ತಡೆಯುವುದರಿಂದ ಭಯವಿಲ್ಲವೆಂದು ತೋರುತ್ತದೆ. ಆದರೆ ಬಿರುಸಾದ ವಸ್ತುವಿನಲ್ಲಿ ದುಂಡು ರಂಧ್ರದ ಅಂಚಿನ ಪೀಡನ ಮೂರು ಪಟ್ಟಿನವರೆಗೆ ಏರುತ್ತದೆ; ಕುದುರೆ ಹಾರಿದರೆ ಭಾರವೂ ಹಲವು ಪಟ್ಟು. ಜಾರಬಲ್ಲ ಎಳೆಗಳು ಈ ಹೊರೆಯನ್ನು ನೆರೆಯ ಎಳೆಗಳಿಗೆ ಹಂಚಿಕೊಡುತ್ತವೆ. ಕಡಿದ ಎಳೆಗಳಿಗೆ ಹಂಚಲು ಏನೂ ಇಲ್ಲ. ಆದುದರಿಂದ ರಂಧ್ರಗಳ ಅಂಚನ್ನೂ ಬಕಲಿನ ಮಡಿಕೆಯನ್ನೂ ಬೆಳಕಿಗೆ ಹಿಡಿದು, ಎಣ್ಣೆ ಇಳಿದ ಮೇಲೆ ಮೆಲ್ಲನೆ ಬಾಗಿಸಿ ನೋಡಬೇಕು. ದಪ್ಪದೊಳಕ್ಕೆ ಇಳಿದ ಬಿರುಕು ಕಂಡರೆ ಆ ಪಟ್ಟಿಯನ್ನು ಬದಲಾಯಿಸುವುದೇ ಸರಿ. ಉಳಿದ ಜೀನನ್ನು ಎಸೆಯಬೇಕಾಗಿಲ್ಲ.

ಹಿತ್ತಾಳೆಯ ಬಕಲಿನ ಸುತ್ತ ಹಸುರು ಮೇಣದಂಥ ವಸ್ತು ಕಂಡರೆ, ಅದು ಜಿಡ್ಡಿನ ಆಮ್ಲವೂ ತಾಮ್ರವೂ ಕೂಡಿ ಆದದ್ದು. ಕಡ್ಡಿಯಿಂದ ಕೆರೆದು ತೆಗೆದರಾಯಿತು. ಮಳೆಗಾಲದಲ್ಲಿ ಸಜ್ಜನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡುವ ಬಟ್ಟೆಯ ಹೊದಿಕೆ ಮೇಲು. ಲಾಯದೊಳಗೇ ತೂಗುಹಾಕುವ ಅಭ್ಯಾಸವೂ ಒಳ್ಳೆಯದಲ್ಲ, ಏಕೆಂದರೆ ಗಂಜಲದಿಂದ ಹೊರಡುವ ಅಮೋನಿಯ ತೊಗಲನ್ನು ಹಗಲಿರುಳೂ ತಿನ್ನುತ್ತಿರುತ್ತದೆ. ಪಕ್ಕದ ಕೋಣೆಯಲ್ಲಿ, ಬಿಸಿಲು ಬೀಳದ ಗೋಡೆಗೆ, ಅಗಲವಾದ ದುಂಡು ಗೂಟಗಳನ್ನು ಹೊಡೆಸಿದರೆ ಸಾಕು.