ಕೈಕಸಬೂ ಕಾಲೇಜಿನ ಲೆಕ್ಕವೂ

ಬೇಸಿಗೆಯಲ್ಲಿ ಪರೀಕ್ಷೆಯ ಫಲಿತಾಂಶ ಹೊರಟ ಮೇಲೆ ಹಳ್ಳಿಯ ಅನೇಕ ಮನೆಗಳಲ್ಲಿ ಒಂದು ಪ್ರಶ್ನೆಯು ಹುಟ್ಟುವದುಂಟು. ಮಗನು ಪಿ.ಯು.ಸಿ.ಯಲ್ಲಿ ತೇರ್ಗಡೆಯಾಗಿದ್ದಾನೆ. ರಜೆಯ ದಿನಗಳಲ್ಲಿ ಮೇಸ್ತ್ರಿಯ ಸಂಗಡ ಹೋಗಿ ಗಾರೆಯ ಕೆಲಸವನ್ನು ಕಲಿತು ಮನೆಗೆ ಕೂಲಿಯನ್ನೂ ತರುತ್ತಿದ್ದಾನೆ. ಈಗ ಅವನು ಕಾಲೇಜಿಗೆ ಹೋಗತಕ್ಕದ್ದೋ, ಕರಣೆಯನ್ನೇ ಹಿಡಿಯತಕ್ಕದ್ದೋ? ನೆರೆಯವರಲ್ಲಿ ಒಬ್ಬನು, ಓದಿದವರೆಲ್ಲಾ ಕಟ್ಟೆಯ ಮೇಲೆ ಕೂತಿದ್ದಾರೆಂದು ಹೇಳುವನು. ಮತ್ತೊಬ್ಬನು, ಓದದಿದ್ದರೆ ಸಾಯುವ ವರೆಗೂ ಮಣ್ಣು ಹೊರಬೇಕೆಂದು ಹೆದರಿಸುವನು. ಈ ಎರಡು ಮಾತುಗಳಲ್ಲಿಯೂ ಲೆಕ್ಕವಿಲ್ಲ. ಆದಕಾರಣ ಈ ಪಾಠದಲ್ಲಿ ನಾವು ಲೆಕ್ಕವನ್ನೇ ಹಾಕಿ ನೋಡೋಣ.

ಕಾಲೇಜಿನ ವೆಚ್ಚವೆಂದರೆ ಶುಲ್ಕ ಮಾತ್ರವೇ ಎಂದು ಅನೇಕರು ನೆನಸುತ್ತಾರೆ. ಹಾಗಲ್ಲ. ಹುಡುಗನಿಗೆ ದಿನಕ್ಕೆ 500 ರೂಪಾಯಿ ಕೂಲಿ, ತಿಂಗಳಿಗೆ 20 ದಿನ ಕೆಲಸ ಎಂದಿಟ್ಟುಕೊಳ್ಳಿರಿ. ವರುಷಕ್ಕೆ 1,20,000 ರೂಪಾಯಿ ಆಯಿತು. ಮೂರು ವರುಷಗಳ ಪದವಿಗಾಗಿ 3,60,000 ರೂಪಾಯಿಗಳ ಕೂಲಿಯನ್ನು ಬಿಟ್ಟುಕೊಡಬೇಕಾಗುವದು. ರಜೆಯಲ್ಲಿ ದುಡಿದರೆ ಅದರಲ್ಲಿ ಸ್ವಲ್ಪವು ಉಳಿದೀತು. ಆದರೂ ಪುಸ್ತಕ, ಬಸ್ಸು, ಕೋಣೆಯ ಬಾಡಿಗೆ ಇವುಗಳನ್ನು ಕೂಡಿಸಿದರೆ ಸರಕಾರಿ ಕಾಲೇಜಿನ ಅಲ್ಪ ಶುಲ್ಕವೂ ದೊಡ್ಡ ಹೊರೆಯಾಗಿ ಬೆಳೆಯುತ್ತದೆ.

ಆದರೆ ಇದು ತಕ್ಕಡಿಯ ಒಂದು ತಟ್ಟೆಯಷ್ಟೇ. ಗಾರೆಯವನ ಕೂಲಿಯು ಯೌವನದಲ್ಲಿ ಬೇಗನೆ ಏರಿ ಒಂದು ಮಟ್ಟದಲ್ಲಿ ನಿಂತುಬಿಡುತ್ತದೆ. ಜಡಿಮಳೆಯಲ್ಲಿ ಕೆಲಸವಿಲ್ಲ; ಸೊಂಟವೂ ಮೊಣಕಾಲುಗಳೂ ಸವೆದ ಮೇಲೆ ಇರುವ ಕೂಲಿಯೂ ಇಳಿಯುವದು. ಆ ಕಸಬಿನಲ್ಲಿಯೇ ಮೇಲಕ್ಕೆ ಹೋಗುವವನು ಯಾರು? ನಕ್ಷೆಯನ್ನು ಓದಬಲ್ಲವನು, ಸಿಮೆಂಟು ಕಬ್ಬಿಣಗಳ ಅಂದಾಜನ್ನು ಬರೆಯಬಲ್ಲವನು, ಗುತ್ತಿಗೆಯ ಕಾಗದವನ್ನು ತಿಳಿದು ರುಜು ಹಾಕುವವನು. ಹೀಗಿರಲಾಗಿ, ಈ ಕೈಗೆ ಇನ್ನೂ ಯಾವ ವಿದ್ಯೆ ಬೇಕು, ಅದು ಎಲ್ಲಿ ಸಿಕ್ಕುವದು ಎಂದು ಮೊದಲು ಕೇಳತಕ್ಕದ್ದು.

ನರ್ಸು, ಪ್ರೌಢಶಾಲೆಯ ಶಿಕ್ಷಕ, ವಕೀಲ, ಇವರ ಕೆಲಸಗಳು ನಿಯಮಿಸಿದ ವಿದ್ಯಾಭ್ಯಾಸವಿಲ್ಲದೆ ಯಾರಿಗೂ ದೊರೆಯವು. ಮಗುವಿಗೆ ಅಂಥ ಆಶೆಯೂ ತಕ್ಕ ಅಂಕಗಳೂ ಇದ್ದರೆ ಇಂದಿನ ಕೂಲಿಗೋಸ್ಕರ ತಡೆಯಬೇಡಿರಿ. ಆದರೆ ಎಲ್ಲರೂ ಹೋಗುತ್ತಾರೆ, ಯಾವದಾದರೂ ಒಂದು ಪದವಿ ಇರಲಿ ಎಂದು ಸೇರಿಸುವದು ಬಡವನ ಮನೆಗೆ ಒಪ್ಪುವದಲ್ಲವೆಂದು ನಾನು ಎಣಿಸುತ್ತೇನೆ. ಎರಡನೆಯ ವರುಷದಲ್ಲಿ ಬಾಕಿ ವಿಷಯಗಳನ್ನು ಹೊತ್ತು ಹಿಂತಿರುಗಿದವನಿಗೆ ಪದವಿಯೂ ಇಲ್ಲ, ಕೈಯ ಪಳಗಿಕೆಯೂ ತಪ್ಪಿತು.

ಬಡ ಕುಟುಂಬಕ್ಕೆ ಬೇಕಾದದ್ದು ಮೆಟ್ಟಲುಗಳುಳ್ಳ ದಾರಿ; ಹೇಗಂದರೆ, ಎಲ್ಲಿ ನಿಂತರೂ ನಿಂತ ಸ್ಥಳದಲ್ಲಿ ಅನ್ನ ಹುಟ್ಟಬೇಕು. ಐ.ಟಿ.ಐ. ಅಂಥ ಮೆಟ್ಟಲು. ಅಲ್ಲಿಯ ಕಸಬುಗಳಿಗೆ ಬಹಳವಾಗಿ ಹತ್ತನೆಯ ತರಗತಿಯೂ ಕೆಲವಕ್ಕೆ ಎಂಟನೆಯದೂ ಸಾಕು. ಕಲಿಯುವದು ಒಂದು ಇಲ್ಲವೆ ಎರಡು ವರುಷ. ಎರಡು ವರುಷದ ಕಸಬನ್ನು ಮುಗಿಸಿದವನು ಪಾಲಿಟೆಕ್ನಿಕ್ಕಿನ ಎರಡನೆಯ ವರುಷಕ್ಕೆ ಸೇರುವ ಅನುಕೂಲವುಂಟು. ಡಿಪ್ಲೊಮಾ ಮುಗಿಸಿದವನಿಗೆ ಇಂಜಿನಿಯರಿಂಗ್ ಕಾಲೇಜಿನ ಎರಡನೆಯ ವರುಷವೂ ತೆರೆದಿರುತ್ತದೆ. 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಕಾರ್ಖಾನೆಯಲ್ಲಿ ಕಲಿಯುವವನಿಗೆ ಶಿಷ್ಯವೇತನವೂ ಸಲ್ಲುವದು. ಪಿ.ಯು.ಸಿ. ಆದವನು ಐ.ಟಿ.ಐ.ಗೆ ಸೇರುವದು ಹಿಂದಕ್ಕೆ ಇಳಿದಂತೆ ಎಂದು ಬಂಧುಗಳು ಅಂದಾರು. ಅವರು ಶುಲ್ಕವನ್ನು ಕಟ್ಟುವವರಲ್ಲವಲ್ಲಾ!

ಪದವಿಯೇ ಬೇಕು, ಕೆಲಸವನ್ನು ಬಿಡುವ ಹಾಗಿಲ್ಲ ಎಂಬವರಿಗೆ ಮೈಸೂರಿನಲ್ಲಿ 1996ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವುಂಟು. ಅಲ್ಲಿ ಮನೆಯಲ್ಲಿದ್ದೇ ಓದಿ ಪರೀಕ್ಷೆಗೆ ಕೂಡ್ರಬಹುದು. ಆದರೆ ದಿನವೆಲ್ಲಾ ಇಟ್ಟಿಗೆ ಹೊತ್ತವನು ರಾತ್ರಿ ಪುಸ್ತಕ ತೆರೆಯುವದು ಸುಲಭವಲ್ಲ. ಮನೆಯವರು ಅವನಿಗೆ ಒಂದು ತಾಸಿನ ಮೌನವನ್ನಾದರೂ ಕೊಡಬೇಕು.

ದುಡಿಮೆಯೂ ಓದೂ ಒಂದೇ ಅಂಗಳದಲ್ಲಿ ನಡೆಯುವ ಸ್ಥಳಗಳು ಲೋಕದಲ್ಲಿ ಉಂಟು. ಅಮೆರಿಕದ ಕೆಂಟಕಿ ಸೀಮೆಯಲ್ಲಿ ಜಾನ್ ಫೀ ಎಂಬ ಬೋಧಕನು 1855ರಲ್ಲಿ ಬೆರಿಯಾ ಎಂಬ ಶಾಲೆಯನ್ನು ಸ್ಥಾಪಿಸಿದನು. ಅದು ಬೆಳೆದು ಕಾಲೇಜಾಯಿತು. ಅಲ್ಲಿ 1892ರಿಂದ ಬೋಧನೆಯ ಶುಲ್ಕವನ್ನು ಕೇಳುವದಿಲ್ಲ. ಪ್ರತಿ ವಿದ್ಯಾರ್ಥಿಯೂ ವಾರಕ್ಕೆ 10 ತಾಸಿಗೆ ಕಡಿಮೆಯಿಲ್ಲದೆ ಕೆಲಸ ಮಾಡುತ್ತಾನೆ. ಅಲ್ಲಿ ಕಸಬರಿಗೆ ಕಟ್ಟುವದೂ ನೇಯುವದೂ ಕಾಲೇಜಿನ ಕೆಲಸಗಳೇ. ಅಂಥದ್ದು ನಮ್ಮ ತಾಲೂಕಿನಲ್ಲಿಲ್ಲವಾದ್ದರಿಂದ ಆ ಏರ್ಪಾಡನ್ನು ಮನೆಯಲ್ಲಿಯೇ ಮಾಡಿಕೊಳ್ಳಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು. ಮಗಳನ್ನು ನಿಲ್ಲಿಸುವಾಗ ಖರ್ಚಿನ ನೆವ ಹೇಳುತ್ತಾರೆ. ಆದರೆ ಅಲ್ಲಿ ಲೆಕ್ಕ ಹಾಕಿದವರು ವಿರಳ, ರೂಢಿಯೇ ಮಾತಾಡುತ್ತದೆ. 2023ರ ಜೂನ್ ತಿಂಗಳಲ್ಲಿ ಕರ್ನಾಟಕದ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಸ್ತ್ರೀಯರಿಗೆ ಉಚಿತ ಪ್ರಯಾಣವು ಆರಂಭವಾಯಿತು. ಆ ಖರ್ಚನ್ನು ತೆಗೆದು ಮಗನಿಗೆ ಹಾಕಿದ ಲೆಕ್ಕವನ್ನೇ ಅವಳಿಗೂ ಹಾಕಿರಿ.

ಸಾಲವನ್ನು ಕುರಿತು ಎಚ್ಚರವಿರಲಿ. ಬ್ಯಾಂಕಿನ ವಿದ್ಯಾಸಾಲವನ್ನು ಓದು ಮುಗಿದ ಮೇಲೆ ತೀರಿಸತೊಡಗಿದರೆ ಸಾಕಾದರೂ ಬಡ್ಡಿಯು ಓದುವಾಗಲೇ ಬೆಳೆಯುತ್ತಿರುವದು. ಉಣ್ಣುವ ಕಾಳನ್ನು ಕೊಡುವ ಹೊಲವನ್ನು ಮೊದಲನೆಯ ವರುಷದಲ್ಲಿಯೇ ಅಡವಿಡಬೇಡಿರಿ.

ಅರ್ಜಿ ಹಾಕುವ ಮುಂಚೆ ತಂದೆಯೂ ಮಗನೂ ಒಂದು ದಿನ ಕಾಲೇಜಿಗೆ ಹೋಗಿ ಬರಲಿ. ಕೊನೆಯ ವರುಷದಲ್ಲಿ ಓದುತ್ತಿರುವ ನಮ್ಮ ಕಡೆಯ ಹುಡುಗರನ್ನು ಕಂಡು, ನಿಮ್ಮೊಡನೆ ಸೇರಿದವರಲ್ಲಿ ಎಷ್ಟು ಮಂದಿ ಉಳಿದಿದ್ದಾರೆ, ಹೋದ ವರುಷ ಮುಗಿಸಿದವರು ಈಗ ಏನು ಮಾಡುತ್ತಾರೆ ಎಂದು ಕೇಳಿ ಬರೆದುಕೊಳ್ಳಲಿ. ಆಮೇಲೆ ಮೇಸ್ತ್ರಿಯ ಬಳಿಗೂ ಹೋಗಿ, ಶನಿವಾರಗಳಲ್ಲಿಯೂ ರಜೆಯಲ್ಲಿಯೂ ಹುಡುಗನಿಗೆ ಕೆಲಸ ಕೊಡುವಿರೋ ಎಂದು ವಿಚಾರಿಸಿ, ಅವನ ಉತ್ತರವನ್ನು ಅದೇ ಕಾಗದದಲ್ಲಿ ಬರೆಯಲಿ.