ಕೆಂಡದ ಮೇಲೆ ಸುಡುವ ವಿದ್ಯೆ

ಮುಂಗಾರಿನ ಸಂಜೆಗಳಲ್ಲಿ ಬೆಂಗಳೂರಿನ ಕಲಾಸಿಪಾಳ್ಯದ ಕಡೆಗೆ ಹೋದವರಿಗೆ ಮುಸುಕಿನ ಜೋಳವನ್ನು ಸುಟ್ಟು ಮಾರುವ ಕೈಗಾಡಿಗಳು ಅಪರಿಚಿತವಲ್ಲ. ಗಾಡಿಯ ಮೇಲೊಂದು ಅಗ್ಗಿಷ್ಟಿಕೆ, ಅದರಲ್ಲಿ ನಿಗಿನಿಗಿಸುವ ಇದ್ದಿಲು, ಮೇಲೊಂದು ಕಂಬಿಯ ಜಾಲರಿ. ಇಷ್ಟೇ ಸಲಕರಣೆ. ಮಾರುವವರು ತೆನೆಯನ್ನು ಜಾಲರಿಯ ಮೇಲಿಟ್ಟು ನಾಲ್ಕು ಸಲ ಬೀಸಣಿಗೆಯಾಡಿಸುತ್ತಾರೆ, ಸ್ವಲ್ಪ ತಿರುಗಿಸುತ್ತಾರೆ, ಮತ್ತೆ ಬೀಸುತ್ತಾರೆ. ಕೆಲವೇ ನಿಮಿಷಗಳಲ್ಲಿ ಅಲ್ಲಲ್ಲಿ ಕಂದುಬಣ್ಣಕ್ಕೆ ತಿರುಗಿದ, ಒಳಗೆ ಹದವಾಗಿ ಬೆಂದ ತೆನೆ ನಮ್ಮ ಕೈಗೆ ಬರುತ್ತದೆ. ಅದೇ ತೆನೆಯನ್ನು ಮನೆಯ ತಾರಸಿಯ ಮೇಲೆ ನಾವು ಸುಡಹೊರಟರೆ ಹೊರಗೆ ಮಸಿ, ಒಳಗೆ ಹಸಿ ಆಗುವುದೇ ಹೆಚ್ಚು. ಇದೇಕೆ?

ಇತ್ತೀಚಿನ ವರ್ಷಗಳಲ್ಲಿ ಚಾಮರಾಜಪೇಟೆ, ಬಸವನಗುಡಿಗಳ ತಾರಸಿಗಳ ಮೇಲೂ 'ಬಾರ್ಬೆಕ್ಯು' ಒಲೆಗಳು ಕಾಣಿಸಿಕೊಳ್ಳತೊಡಗಿವೆ. ಆ ಶಬ್ದವು ಕೆರಿಬಿಯನ್ ದ್ವೀಪಗಳ ಟೈನೋ ಜನರ ಮಾತಿನಿಂದ ಸ್ಪ್ಯಾನಿಷ್ ಭಾಷೆಗೆ, ಅಲ್ಲಿಂದ ಇಂಗ್ಲಿಷಿಗೆ ಬಂದದ್ದು. ಹೆಸರು ಹೊಸದಾದರೂ ವಿದ್ಯೆ ನಮಗೆ ಹಳೆಯದೇ. ಬದನೆಕಾಯಿಯನ್ನು ಸುಟ್ಟು ಗೊಜ್ಜು ಮಾಡುವ, ಬಿಸಿ ಬೂದಿಯಲ್ಲಿ ಗೆಣಸನ್ನು ಹೂಳುವ ಜನಕ್ಕೆ ಕೆಂಡದ ಗುಣ ಗೊತ್ತಿಲ್ಲದೆ ಇರಲಿಲ್ಲ. ಆ ಗುಣದ ಹಿಂದಿರುವ ಭೌತ ಮತ್ತು ರಸಾಯನ ತತ್ತ್ವಗಳನ್ನು ನಾವಿಲ್ಲಿ ಪರಿಶೀಲಿಸೋಣ.

ಮೊದಲು ಇದ್ದಿಲು ಎಂದರೇನು ಎಂಬುದನ್ನು ತಿಳಿಯಬೇಕು. ಸೌದೆಯನ್ನು ಒಟ್ಟಿ, ಮಣ್ಣು ಮೆತ್ತಿ, ಗಾಳಿಯಾಡದಂತೆ ಮಾಡಿ ಒಳಗೆ ಬೇಗೆಯೇರಿಸಿದರೆ ಸೌದೆ ಉರಿಯುವುದಿಲ್ಲ, ಒಡೆಯುತ್ತದೆ. ನೀರು, ಅಸಿಟಿಕ್ ಆಮ್ಲ, ಮೆಥನಾಲ್, ಡಾಂಬರಿನಂಥ ಜಿಗುಟು ದ್ರವ್ಯಗಳು, ಉರಿಯಬಲ್ಲ ಅನಿಲಗಳು ಹೊಗೆಯ ರೂಪದಲ್ಲಿ ಹೊರಟುಹೋಗಿ ಬಹುಪಾಲು ಇಂಗಾಲವೇ ಉಳಿಯುತ್ತದೆ. ಅದೇ ಇದ್ದಿಲು. ಸೌದೆ ಜ್ವಾಲೆಯಾಗಿ ಉರಿಯುವುದು ಈ ಆವಿಗಳಿಂದ. ಅವನ್ನು ಮುಂಚೆಯೇ ಕಳೆದುಕೊಂಡ ಇದ್ದಿಲಿಗೆ ಹೇಳಿಕೊಳ್ಳುವಂಥ ಜ್ವಾಲೆಯೂ ಇಲ್ಲ, ಹೊಗೆಯೂ ಇಲ್ಲ. ಒಂದು ಕಿಲೋಗ್ರಾಂ ಒಣಸೌದೆ ಸುಮಾರು 3,500ರಿಂದ 4,000 ಕಿಲೋ ಕ್ಯಾಲೊರಿ ಶಾಖ ಕೊಟ್ಟರೆ, ಒಂದು ಕಿಲೋಗ್ರಾಂ ಒಳ್ಳೆಯ ಇದ್ದಿಲು ಸುಮಾರು 7,000 ಕಿಲೋ ಕ್ಯಾಲೊರಿ ಕೊಡುತ್ತದೆ. ನಮ್ಮ ನಾಡಿನ ಬಯಲುಸೀಮೆಯಲ್ಲಿ ಕಳೆಯಂತೆ ಹಬ್ಬಿರುವ ಬಳ್ಳಾರಿ ಜಾಲಿಯಿಂದ ಗಟ್ಟಿಯಾದ, ನಿಧಾನವಾಗಿ ಉರಿಯುವ ಇದ್ದಿಲು ದೊರೆಯುತ್ತದೆ. ರೈತರು ಶಪಿಸುವ ಗಿಡಕ್ಕೆ ಇಷ್ಟಾದರೂ ಒಳ್ಳೆಯ ಗುಣವಿದೆಯಲ್ಲ!

ಇದ್ದಿಲು ಉರಿಯುವುದು ಎರಡು ಹಂತಗಳಲ್ಲಿ. ಬೇಕಾದಷ್ಟು ಆಮ್ಲಜನಕ ಸಿಕ್ಕಿದರೆ ಇಂಗಾಲದ ಒಂದು ಪರಮಾಣು ಆಮ್ಲಜನಕದ ಎರಡು ಪರಮಾಣುಗಳೊಡನೆ ಕೂಡಿ ಇಂಗಾಲದ ಡಯಾಕ್ಸೈಡ್ ಆಗುತ್ತದೆ. ಆಗ 12 ಗ್ರಾಂ ಇಂಗಾಲದಿಂದ ಸುಮಾರು 94 ಕಿಲೋ ಕ್ಯಾಲೊರಿ ಶಾಖ ಹೊರಡುತ್ತದೆ. ಆಮ್ಲಜನಕ ಸಾಲದಾದರೆ ಒಂದೇ ಪರಮಾಣುವಿನೊಡನೆ ಕೂಡಿ ಇಂಗಾಲದ ಮಾನಾಕ್ಸೈಡ್ ಆಗಿ ನಿಂತುಬಿಡುತ್ತದೆ. ಆಗ ದೊರೆಯುವುದು ಸುಮಾರು 26 ಕಿಲೋ ಕ್ಯಾಲೊರಿ ಮಾತ್ರ. ಉಳಿದ 68 ಕಿಲೋ ಕ್ಯಾಲೊರಿ ಆ ಅನಿಲದೊಳಗೇ ಅಡಗಿ ಹೋಗುತ್ತದೆ. ಕತ್ತಲಲ್ಲಿ ಕೆಂಡದ ಮೇಲೆ ಕುಣಿಯುವ ತೆಳು ನೀಲಿ ಜ್ವಾಲೆಗಳನ್ನು ನೀವು ಕಂಡಿರಬಹುದು. ರಾಶಿಯ ಒಳಗೆ ಹುಟ್ಟಿದ ಮಾನಾಕ್ಸೈಡ್ ಮೇಲೆ ಬಂದು ಹೊಸ ಗಾಳಿಯನ್ನು ಸಂಧಿಸಿ ಉರಿಯುವ ನೋಟವದು. ಈ ಅನಿಲದ ಮಾತು ಮುಂದೆ ಮತ್ತೆ ಬರುತ್ತದೆ.

ಹಾಗಾದರೆ ಕೆಂಡದ ಶಾಖ ತೆನೆಗೆ ತಲುಪುವುದು ಹೇಗೆ? ಬಿಸಿಗಾಳಿ ಮೇಲೇಳುವುದರಿಂದ ಸ್ವಲ್ಪ ಶಾಖ ಸಂವಹನದಿಂದ ಬರುತ್ತದೆ. ಆದರೆ ಕೆಂಡದ ಮುಖ್ಯ ಶಕ್ತಿ ವಿಕಿರಣದಲ್ಲಿದೆ. ಕಾದ ವಸ್ತು ಹೊರಸೂಸುವ ವಿಕಿರಣವು ಅದರ ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆಂದು ಜೋಸೆಫ್ ಸ್ಟೀಫನ್ 1879ರಲ್ಲಿ ಪ್ರಯೋಗಫಲಗಳಿಂದ ಕಂಡುಕೊಂಡರು. 1884ರಲ್ಲಿ ಬೋಲ್ಟ್ಸ್‌ಮನ್ ಅದನ್ನು ಸಿದ್ಧಾಂತದಿಂದ ಸಾಧಿಸಿದರು. ಇದರ ಅರ್ಥವನ್ನು ಲೆಕ್ಕ ಮಾಡಿ ನೋಡೋಣ. ಮಂಕು ಕೆಂಪಾದ ಕೆಂಡದ ಉಷ್ಣತೆ ಸುಮಾರು 700 ಡಿಗ್ರಿ ಸೆಂಟಿಗ್ರೇಡ್, ಎಂದರೆ ನಿರಪೇಕ್ಷ ಮಾನದಲ್ಲಿ 973 ಡಿಗ್ರಿ. ಗಾಳಿ ಬೀಸಿ ಅದನ್ನು ಕಿತ್ತಳೆ ಬಣ್ಣಕ್ಕೇರಿಸಿದರೆ ಸುಮಾರು 900 ಡಿಗ್ರಿ, ಎಂದರೆ 1,173. ಉಷ್ಣತೆ ಐದರಲ್ಲೊಂದು ಪಾಲು ಹೆಚ್ಚಿತು, ಅಷ್ಟೆ. ಆದರೆ 1,173ನ್ನು 973ರಿಂದ ಭಾಗಿಸಿ ನಾಲ್ಕು ಸಲ ಗುಣಿಸಿ ನೋಡಿ: 2.1 ಬರುತ್ತದೆ. ವಿಕಿರಣ ಇಮ್ಮಡಿಗೂ ಮೀರಿತು! ಬೀಸಣಿಗೆಯ ನಾಲ್ಕು ಬೀಸು ಮಾಡುವ ಕೆಲಸ ಇದು. ಅದು ಆಮ್ಲಜನಕವನ್ನು ಒದಗಿಸುವುದಲ್ಲದೆ ಕೆಂಡದ ಮೈಮೇಲಿನ ಬೂದಿಯ ಹೊದಿಕೆಯನ್ನೂ ಹಾರಿಸುತ್ತದೆ. ಬೂದಿ ಶಾಖದ ಮಂದವಾಹಕ. ಕೆಂಡಕ್ಕೆ ಅದು ಕಂಬಳಿ ಇದ್ದಂತೆ. ಜೋಳ ಮಾರುವವರು ಒಂದೇ ಸಮನೆ ಬೀಸದೆ ಬಿಟ್ಟುಬಿಟ್ಟು ಬೀಸುವುದನ್ನು ಗಮನಿಸಿ. ಕೈ ನೋವಿನಿಂದಲ್ಲ, ಶಾಖವನ್ನು ಹದದಲ್ಲಿಡಲು.

ಹೊಸಬರು ಮಾಡುವ ಮೊದಲ ತಪ್ಪು ಆತುರ. ಇದ್ದಿಲು ಹೊತ್ತಿಕೊಂಡ ಕೂಡಲೆ ತೆನೆಯನ್ನಿಡುತ್ತಾರೆ. ಆಗಿನ್ನೂ ಕೆಲವು ತುಂಡುಗಳು ಕಪ್ಪಾಗಿಯೇ ಇರುತ್ತವೆ, ಸರಿಯಾಗಿ ಸುಡದ ತುಂಡುಗಳಿಂದ ಹೊಗೆ ಬರುತ್ತಿರುತ್ತದೆ. ಎಲ್ಲ ತುಂಡುಗಳ ಮೇಲೂ ತೆಳುವಾಗಿ ಬೂದುಬಣ್ಣ ಕಾಣುವವರೆಗೆ ಕಾಯಬೇಕು. ಹೊತ್ತಿಸಲು ತೆಂಗಿನ ನಾರು, ಒಣ ಕರಟದ ಚೂರುಗಳು ಸಾಕು. ಸೀಮೆಎಣ್ಣೆ ಸುರಿಯುವುದು ಅಪಾಯ, ಅದರ ವಾಸನೆ ತಿಂಡಿಗೂ ಹತ್ತುತ್ತದೆ.

ಎರಡನೆಯದು ದೂರದ ವಿಚಾರ. ದೂರ ಇಮ್ಮಡಿಯಾದರೆ ಬೆಳಕು ನಾಲ್ಕರಲ್ಲೊಂದಾಗುತ್ತದೆಂಬ ನಿಯಮವನ್ನು ವಿದ್ಯಾರ್ಥಿಗಳು ಓದಿರುತ್ತಾರೆ. ಅದನ್ನು ಇಲ್ಲಿ ಹಾಗೆಯೇ ಹಚ್ಚುವಂತಿಲ್ಲ. ಆ ನಿಯಮ ಚುಕ್ಕೆಯಷ್ಟು ಚಿಕ್ಕ ಮೂಲಕ್ಕೆ ಸಲ್ಲುತ್ತದೆ. ಅಗಲವಾದ ಕೆಂಡದ ಹಾಸಿಗೆಗೆ ಹತ್ತಿರದಲ್ಲಿ ಸಲ್ಲದು. ಆದ್ದರಿಂದ ಜಾಲರಿಯನ್ನು ಎರಡು ಬೆರಳು ಎತ್ತಿದ ಮಾತ್ರಕ್ಕೆ ಶಾಖ ಬಹಳ ಇಳಿಯುವುದಿಲ್ಲ. ಇದಕ್ಕಿಂತ ಉತ್ತಮವಾದ ಉಪಾಯವೊಂದಿದೆ: ಕೆಂಡವನ್ನೆಲ್ಲ ಒಲೆಯ ಒಂದು ಬದಿಗೆ ಸರಿಸಿ ಇನ್ನೊಂದು ಬದಿಯನ್ನು ಬರಿದಾಗಿ ಬಿಡುವುದು. ಕೆಂಡದ ಮೇಲಿನ ಭಾಗ ಬಣ್ಣ ಬರಿಸಲು, ಪಕ್ಕದ ಭಾಗ ನಿಧಾನವಾಗಿ ಬೇಯಿಸಲು. ಸುಡುವ ವಿದ್ಯೆಯಲ್ಲಿ ಒಂದೇ ಒಂದು ಪಾಠವನ್ನು ಕಲಿಯುವುದಾದರೆ ಇದನ್ನು ಕಲಿಯಬೇಕೆಂಬುದು ನಮ್ಮ ಅಭಿಪ್ರಾಯ. ಶಾಖವನ್ನಳೆಯಲು ಉಷ್ಣಮಾಪಕವೂ ಬೇಡ. ಜಾಲರಿಯಿಂದ ಒಂದು ಗೇಣು ಮೇಲೆ ಅಂಗೈ ಹಿಡಿದು ನಿಧಾನವಾಗಿ ಎಣಿಸಿ. ಎರಡು ಮೂರು ಎಣಿಸುವಷ್ಟರಲ್ಲಿ ಕೈ ಎಳೆದುಕೊಂಡರೆ ಉರಿ ತೀಕ್ಷ್ಣ, ಐದಾರು ಎಣಿಸಿದರೆ ಮಧ್ಯಮ, ಹತ್ತರವರೆಗೂ ತಡೆದರೆ ಮಂದ.

ಇನ್ನು ತೆನೆಯೊಳಗೆ ನಡೆಯುವುದೇನು? ಎಳೆಯ ಕಾಳಿನಲ್ಲಿ ನೀರೇ ಹೆಚ್ಚು. ನೀರಿರುವ ತನಕ ಕಾಳಿನ ಒಳಭಾಗ ನೀರಿನ ಕುದಿಬಿಂದುವನ್ನು ಮೀರಿ ಬಿಸಿಯಾಗಲಾರದು. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಈ ಬಿಂದು 100 ಅಲ್ಲ, ಸುಮಾರು 97 ಡಿಗ್ರಿ. ಒಳಗೆ ಪಿಷ್ಟವು ನೀರನ್ನು ಹೀರಿ ಮೆತ್ತಗಾಗಲು ಇಷ್ಟು ಶಾಖ ಧಾರಾಳವಾಗಿ ಸಾಕು. ಕಾಳಿನ ಹೊರಮೈಯಲ್ಲಾದರೋ ನೀರು ಬೇಗ ಆವಿಯಾಗಿ ಉಷ್ಣತೆ 140 ಡಿಗ್ರಿಯನ್ನು ದಾಟುತ್ತದೆ. ಅಲ್ಲಿ ಸಕ್ಕರೆಗಳೂ ಪ್ರೋಟೀನುಗಳ ಅಮೈನೋ ಆಮ್ಲಗಳೂ ಒಂದರೊಡನೊಂದು ವರ್ತಿಸಿ ಕಂದುಬಣ್ಣದ, ಕಂಪಿನ ನೂರಾರು ಸಂಯುಕ್ತಗಳನ್ನು ಹುಟ್ಟಿಸುತ್ತವೆ. ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಕಾಮೀ ಮೈಯಾರ್ ಅವರ ಹೆಸರಿನಿಂದಲೇ ಇದನ್ನು ಕರೆಯುತ್ತಾರೆ. ಬ್ರೆಡ್ಡಿನ ಹೊರಪದರ, ಹುರಿದ ಕಾಫಿಬೀಜ, ದೋಸೆಯ ಕೆಂಪು, ಎಲ್ಲದರಲ್ಲಿಯೂ ಇದರ ಕೈವಾಡವಿದೆ. ಬೇಯಿಸಿದ ಜೋಳಕ್ಕೆ ಈ ಕಂಪು ಎಂದೂ ಬಾರದು. ನೀರಿನಲ್ಲಿ ಮುಳುಗಿದ್ದು 140 ಡಿಗ್ರಿ ಮುಟ್ಟುವುದೆಂತು? ಸುಡುವವರ ಜಾಣ್ಮೆಯೆಲ್ಲ ಇಷ್ಟೆ: ಹೊರಮೈ 140 ದಾಟಬೇಕು, ಕರಿಕಾಗಬಾರದು, ಅಷ್ಟರೊಳಗೆ ಒಳಗು ಬೆಂದಿರಬೇಕು. ವಿಕಿರಣ ಎದುರಿಗಿರುವ ಮುಖವನ್ನಷ್ಟೇ ಮುಟ್ಟುವುದರಿಂದ ತೆನೆಯನ್ನು ಮೇಲಿಂದ ಮೇಲೆ ತಿರುಗಿಸುತ್ತಿರಬೇಕು. ನಿಂಬೆ, ಉಪ್ಪು, ಮೆಣಸಿನಪುಡಿಗಳನ್ನು ಕೊನೆಯಲ್ಲಿ ಉಜ್ಜುವುದಕ್ಕೂ ಕಾರಣವಿದೆ. ನಿಂಬೆಯ ಸುವಾಸನೆ ಬೇಗ ಆವಿಯಾಗುವಂಥದು. ಮೆಣಸಿನಪುಡಿ ಕೆಂಡಕ್ಕೆ ಉದುರಿದರಂತೂ ಬೀದಿಯೆಲ್ಲ ಕೆಮ್ಮಬೇಕಾಗುತ್ತದೆ.

ಬದನೆಕಾಯಿಯ ಕಥೆ ಬೇರೆ. ಅದರ ತಿರುಳು ಗಾಳಿ ತುಂಬಿದ ಸ್ಪಂಜಿನಂತಿದ್ದು ಶಾಖವನ್ನು ಮೆಲ್ಲನೆ ಸಾಗಿಸುತ್ತದೆ. ಸಿಪ್ಪೆಯನ್ನು ಹೇಗೂ ತೆಗೆದುಹಾಕುವುದರಿಂದ ಅದು ಕರಿಕಾದರೂ ಚಿಂತೆಯಿಲ್ಲ. ಚುಚ್ಚಿ ರಂಧ್ರ ಮಾಡದೆ ಇಟ್ಟರೆ ಮಾತ್ರ ಒಳಗಿನ ಆವಿಯ ಒತ್ತಡಕ್ಕೆ ಸಿಡಿಯಬಹುದು. ಗೆಣಸಿಗೆ ಬೇಕಾದದ್ದು ಕೆಂಡವಲ್ಲ, ಬಿಸಿ ಬೂದಿ. ಗೆಣಸಿನಲ್ಲಿ ಪಿಷ್ಟವನ್ನು ಮಾಲ್ಟೋಸ್ ಎಂಬ ಸಕ್ಕರೆಯಾಗಿ ಮಾರ್ಪಡಿಸುವ ಕಿಣ್ವವೊಂದಿದೆ. ಸುಮಾರು 60ರಿಂದ 75 ಡಿಗ್ರಿಗಳ ನಡುವೆ ಅದು ಚೆನ್ನಾಗಿ ದುಡಿಯುತ್ತದೆ, ಇನ್ನೂ ಮೇಲೇರಿದರೆ ನಾಶವಾಗುತ್ತದೆ. ಬೂದಿಯೊಳಗೆ ಗೆಣಸು ಈ ಮಧ್ಯಂತರವನ್ನು ನಿಧಾನವಾಗಿ ದಾಟುವುದರಿಂದ ಸಕ್ಕರೆ ಹೆಚ್ಚುತ್ತದೆ. ಸುಟ್ಟ ಗೆಣಸು ಬೇಯಿಸಿದ್ದಕ್ಕಿಂತ ಸಿಹಿಯೆಂದು ಹಳ್ಳಿಯವರು ಹೇಳುವುದು ಬರಿಯ ನೆನಪಿನ ಸವಿಯಲ್ಲ.

ಮಾಂಸ ಸುಡುವವರಿಗೆ ಎರಡು ಮಾತು. ಘನವಸ್ತುವಿನೊಳಗೆ ಶಾಖ ವಹನದಿಂದ ಸಾಗಲು ಬೇಕಾದ ಕಾಲ ದಪ್ಪದ ವರ್ಗಕ್ಕೆ ಅನುಗುಣ: ತುಂಡು ಎರಡರಷ್ಟು ದಪ್ಪವಾದರೆ ಕಾಲ ನಾಲ್ಕರಷ್ಟು. ಕಬಾಬಿನ ತುಂಡುಗಳು ಚಿಕ್ಕವಾಗಿರುವುದು ಅದಕ್ಕೇ. ಕೋಳಿಮಾಂಸದ ನಟ್ಟನಡುವೆ 74 ಡಿಗ್ರಿ ಮುಟ್ಟದಿದ್ದರೆ ರೋಗಾಣುಗಳು ಉಳಿದಾವು. ಎರಡನೆಯದಾಗಿ, ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿದಾಗ ಏಳುವ ಹೊಗೆಯಲ್ಲಿ ಬೆಂಜೊಪೈರೀನಿನಂಥ ಸಂಯುಕ್ತಗಳಿರುತ್ತವೆ. ಚಿಮಣಿ ಗುಡಿಸುವವರಿಗೆ ಮಸಿಯಿಂದ ಕ್ಯಾನ್ಸರ್ ತಗಲುವುದನ್ನು ಲಂಡನ್ನಿನ ಪರ್ಸಿವಲ್ ಪಾಟ್ 1775ರಲ್ಲಿಯೇ ಗುರುತಿಸಿದ್ದರು. ಕಲ್ಲಿದ್ದಲ ಡಾಂಬರಿನಿಂದ ಬೆಂಜೊಪೈರೀನನ್ನು ಬೇರ್ಪಡಿಸಿದ್ದು 1933ರಲ್ಲಿ. ಅಪರೂಪಕ್ಕೊಮ್ಮೆ ತಿಂದರೆ ಹೆದರಬೇಕಾಗಿಲ್ಲ. ಆದರೂ ಕೊಬ್ಬು ತೊಟ್ಟಿಕ್ಕುವ ತುಂಡನ್ನು ಬರಿದಾದ ಬದಿಗೆ ಸರಿಸುವುದೂ ಕರಿಕಾದ ಭಾಗವನ್ನು ಕೆರೆದು ಎಸೆಯುವುದೂ ವಿವೇಕ.

ಇದಕ್ಕಿಂತ ಬಹಳ ದೊಡ್ಡ ಅಪಾಯ ಮೇಲೆ ಹೇಳಿದ ಮಾನಾಕ್ಸೈಡ್ ಅನಿಲದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಅಭಾವವಾದಾಗ ಮೈಸೂರು ಸಂಸ್ಥಾನದ ರಸ್ತೆಗಳಲ್ಲಿ ಇದ್ದಿಲ ಬಸ್ಸುಗಳು ಓಡಿದವು. ಬಸ್ಸಿನ ಹಿಂದೆ ಕಟ್ಟಿದ ಉರುಳೆಯಲ್ಲಿ ಇದ್ದಿಲನ್ನು ಕಡಿಮೆ ಗಾಳಿಯಲ್ಲಿ ಉರಿಸಿ, ಹುಟ್ಟಿದ ಮಾನಾಕ್ಸೈಡನ್ನು ಎಂಜಿನ್ನಿಗೆ ಉಣಿಸುತ್ತಿದ್ದರು. 2023ರಲ್ಲಿ ತೆರೆದ ಕಲಾಸಿಪಾಳ್ಯದ ಹೊಸ ಬಸ್ ನಿಲ್ದಾಣದಲ್ಲಿ ನಿಂತ ವಿದ್ಯಾರ್ಥಿಗೆ ಇದು ಕಟ್ಟುಕಥೆಯಂತೆ ತೋರೀತು. ಬಸ್ಸನ್ನೆಳೆಯಬಲ್ಲ ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನು ಆಮ್ಲಜನಕಕ್ಕಿಂತ ಇದನ್ನು ಇನ್ನೂರು ಪಟ್ಟಿಗೂ ಮೀರಿ ಬಲವಾಗಿ ಹಿಡಿದುಕೊಳ್ಳುತ್ತದೆ. ಗಾಳಿಯಲ್ಲಿ ಆಮ್ಲಜನಕ ಶೇಕಡ 21. ಸಾವಿರಕ್ಕೆ ಒಂದು ಪಾಲು ಮಾನಾಕ್ಸೈಡ್ ಬೆರೆತ ಗಾಳಿಯನ್ನು ಗಂಟೆಗಟ್ಟಲೆ ಉಸಿರಾಡಿದರೆ ಹಿಮೋಗ್ಲೋಬಿನ್ನಿನ ಸುಮಾರು ಅರ್ಧವನ್ನು ಅದು ಆಕ್ರಮಿಸುತ್ತದೆಂದು ಇದರಿಂದಲೇ ಲೆಕ್ಕ ಹಾಕಬಹುದು. ಸ್ಕಾಟ್ಲೆಂಡಿನ ಜೆ. ಎಸ್. ಹಾಲ್ಡೇನ್ 1895ರಲ್ಲಿ ಈ ಅನಿಲವನ್ನು ತಾವೇ ಉಸಿರಾಡಿ ತಮ್ಮ ಮೇಲಾದ ಪರಿಣಾಮಗಳನ್ನು ಬರೆದಿಟ್ಟರು. ತಲೆನೋವು, ಓಕರಿಕೆ, ಕಾಲುಗಳಲ್ಲಿ ನಿಶ್ಶಕ್ತಿ, ಕೊನೆಗೆ ಮಂಪರು. ಮಂಪರು ಕವಿದವನಿಗೆ ಎದ್ದು ಬಾಗಿಲು ತೆರೆಯಬೇಕೆಂದೇ ತೋರುವುದಿಲ್ಲ.

ಚಳಿಗಾಲದಲ್ಲಿ ಮುಚ್ಚಿದ ಕೋಣೆಯೊಳಗೆ ಕೆಂಡದ ಅಗ್ಗಿಷ್ಟಿಕೆಯಿಟ್ಟು ಮಲಗಿದವರು ಬೆಳಗ್ಗೆ ಏಳದೆ ಹೋದ ಸುದ್ದಿಯನ್ನು ಪತ್ರಿಕೆಗಳಲ್ಲಿ ನಾವು ಓದುತ್ತಲೇ ಇದ್ದೇವೆ. ಮಳೆ ಬಂತೆಂದು ತಾರಸಿಯ ಒಲೆಯನ್ನು ಕೋಣೆಯೊಳಕ್ಕೆ ತರುವುದೂ ಇದಕ್ಕಿಂತ ಬೇರೆಯಲ್ಲ. ಹೊಗೆಯಿಲ್ಲದ್ದರಿಂದ ಅಪಾಯವಿಲ್ಲವೆಂದು ತಿಳಿಯುವವರೇ ಹೆಚ್ಚು. ಬೂದಿ ಮುಚ್ಚಿದ, ಆರುತ್ತಿರುವ ಕೆಂಡಕ್ಕೆ ಗಾಳಿ ಸಾಲದೆ ಮಾನಾಕ್ಸೈಡ್ ಇನ್ನೂ ಹುಟ್ಟುತ್ತಲೇ ಇರುತ್ತದೆ. ಕೆಂಡದ ಬಳಿಯಿದ್ದವರಿಗೆ ತಲೆನೋವು, ಓಕರಿಕೆ ಕಂಡರೆ ಕೂಡಲೆ ಬಯಲಿಗೆ ಕರೆತಂದು 108ಕ್ಕೆ ಕರೆಮಾಡಬೇಕು. ಬರಿಯ ಗಾಳಿಯಲ್ಲಿ ರಕ್ತದೊಳಗಿನ ಮಾನಾಕ್ಸೈಡ್ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆಗಳು ಬೇಕು. ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯೊಳಗೆ ಆಗುತ್ತದೆ.

ಕೆಲಸ ಮುಗಿದ ಮೇಲೆ ಕೆಂಡದ ಮೇಲೆ ನೀರು ಸುರಿಯಬಾರದು. ಬಿಸಿ ಆವಿ ಬೂದಿಯೊಡನೆ ಮುಖಕ್ಕೆ ಹಾರುತ್ತದೆ. ಕೆಂಡವನ್ನು ಚಿಮುಟದಿಂದ ತಗಡಿನ ಡಬ್ಬಿಗೆ ಹಾಕಿ, ಬಿಗಿಯಾದ ಮುಚ್ಚಳವಿಟ್ಟು ಬಯಲಿನಲ್ಲಿಡಿ. ಆಮ್ಲಜನಕವಿಲ್ಲದೆ ಅದು ತಾನಾಗಿ ಆರುತ್ತದೆ, ಮಾರನೆಯ ವಾರಕ್ಕೆ ಅದೇ ಇದ್ದಿಲು ಒದಗುತ್ತದೆ. ಒಮ್ಮೆ ಉರಿದದ್ದರಿಂದ ಹೊಸದಕ್ಕಿಂತ ಬೇಗ ಹೊತ್ತಿಕೊಳ್ಳುತ್ತದೆ ಕೂಡ. ಬೂದಿಯನ್ನು ಮಾತ್ರ ಒಂದು ದಿನ ಕಳೆಯುವವರೆಗೆ ಕಸದ ಬುಟ್ಟಿಗೆ ಹಾಕಕೂಡದು. ಬೆಂಕಿಕಡ್ಡಿ ದುಬಾರಿಯಾಗಿದ್ದ ಕಾಲದಲ್ಲಿ ಹಳ್ಳಿಯ ಮನೆಗಳಲ್ಲಿ ರಾತ್ರಿ ಒಂದು ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟು ಬೆಳಗ್ಗೆ ಊದಿ ಒಲೆ ಹೊತ್ತಿಸುತ್ತಿದ್ದರು. ನಮ್ಮ ಕಸದ ಬುಟ್ಟಿಯೊಳಗೂ ಆ ಕೆಂಡ ಅಷ್ಟೇ ಹೊತ್ತು ಜೀವ ಹಿಡಿದಿರಬಲ್ಲದು.