ಎಂಜಿನ್ ಕಾದಾಗ

ಬೇಸಿಗೆಯ ಒಂದು ಮಧ್ಯಾಹ್ನ. ಚಾಮುಂಡಿ ಬೆಟ್ಟದ ಏರುದಾರಿಯಲ್ಲಿ ಒಂದು ಕಾರು ನಿಂತಿದೆ. ಬಾನೆಟ್ಟಿನ ಅಂಚುಗಳಿಂದ ಬಿಳಿಯ ಹಬೆ ಭುಸುಗುಟ್ಟುತ್ತ ಮೇಲೇಳುತ್ತಿದೆ. ಒಳಗಿದ್ದವರು ಗಾಬರಿಯಿಂದ ಇಳಿದು ರಸ್ತೆಯ ಬದಿಯಲ್ಲಿ ಗುಂಪಾಗಿ ನಿಂತಿದ್ದಾರೆ. ಕಾರಿನ ಯಜಮಾನನು ಬಾನೆಟ್ಟನ್ನು ಎತ್ತಿ, ಕೈಗೆ ಕರವಸ್ತ್ರ ಸುತ್ತಿಕೊಂಡು, ರೇಡಿಯೇಟರಿನ ಮುಚ್ಚಳದ ಕಡೆಗೆ ಕೈ ಚಾಚುತ್ತಾನೆ. ಅವನ ಮಗನು ನೀರಿನ ಬಾಟಲಿಯನ್ನು ಹಿಡಿದು ಪಕ್ಕದಲ್ಲಿಯೇ ಬಾಗಿ ನಿಂತಿದ್ದಾನೆ.

ಅಷ್ಟರಲ್ಲಿ ಹಿಂದಿನಿಂದ ಬಂದ ಟ್ಯಾಕ್ಸಿಯೊಂದು ಗಕ್ಕನೆ ನಿಲ್ಲುತ್ತದೆ. ಅದರ ವಯಸ್ಸಾದ ಚಾಲಕನು ಕಿಟಕಿಯಿಂದಲೇ ಕೂಗುತ್ತಾನೆ: “ಮುಟ್ಟಬೇಡಿ ಸ್ವಾಮೀ! ಹಿಂದಕ್ಕೆ ಬನ್ನಿ. ಮಗುವನ್ನು ದೂರ ಕಳಿಸಿ!”

ಯಜಮಾನನು ಬೆಚ್ಚಿ ಕೈಯನ್ನು ಹಿಂದಕ್ಕೆಳೆದುಕೊಳ್ಳುತ್ತಾನೆ. ಹುಡುಗನಿಗೆ ಆಶ್ಚರ್ಯ. “ಯಾಕೆ ತಾತ? ನೀರು ತಾನೆ ಹಾಕಬೇಕು? ಅಪ್ಪ ಬಟ್ಟೆ ಸುತ್ತಿಕೊಂಡಿದ್ದಾರಲ್ಲ!”

ಮುದುಕನು ಇಳಿದು ಬಂದು ಹೇಳುತ್ತಾನೆ: “ಕುಕ್ಕರ್ ಕೂಗುತ್ತಿರುವಾಗ ನಿಮ್ಮಮ್ಮ ಮುಚ್ಚಳ ತೆಗೆಯುತ್ತಾರೇನಪ್ಪ? ಇದೂ ಅಂಥದೇ. ಅರ್ಧ ಗಂಟೆ ಕಾಯಿರಿ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ.”

ಅಡಿಗೆಮನೆಯ ಅನುಭವದಿಂದ ಹುಟ್ಟಿದ ಈ ಒಂದು ಮಾತಿನಲ್ಲಿ ಭೌತಶಾಸ್ತ್ರದ ಒಂದು ದೊಡ್ಡ ಪಾಠವೇ ಅಡಗಿದೆ. ಅದನ್ನು ಅರಿಯಬೇಕಾದರೆ, ಎಂಜಿನ್ ಏಕೆ ಕಾಯುತ್ತದೆ, ಅದನ್ನು ತಣಿಸುವ ಬಗೆ ಏನು ಎಂಬುದನ್ನು ಮೊದಲು ತಿಳಿಯಬೇಕು.

ಮೋಟಾರು ಕಾರೆಂದರೆ ಗಾಲಿಗಳ ಮೇಲೆ ಚಲಿಸುವ ಒಂದು ಒಲೆ. ಸಿಲಿಂಡರಿನೊಳಗೆ ಪೆಟ್ರೋಲು ಹೊತ್ತಿಕೊಂಡ ಕ್ಷಣದಲ್ಲಿ ಅಲ್ಲಿನ ಅನಿಲದ ಉಷ್ಣತೆಯು 2,000 ಡಿಗ್ರಿ ಸೆಲ್ಸಿಯಸನ್ನು ಮೀರುತ್ತದೆ. ಎಂಜಿನ್ನಿನ ಭಾಗಗಳಲ್ಲಿ ಹೇರಳವಾಗಿ ಬಳಕೆಯಾಗುವ ಅಲ್ಯೂಮಿನಿಯಂ ಲೋಹವಾದರೋ 660 ಡಿಗ್ರಿಯಲ್ಲಿಯೇ ಕರಗುತ್ತದೆ. ಪೆಟ್ರೋಲಿನಿಂದ ದೊರೆಯುವ ಒಟ್ಟು ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲು ಮಾತ್ರ ಯಂತ್ರವನ್ನು ತಿರುಗಿಸುವ ಕೆಲಸಕ್ಕೆ ಒದಗುತ್ತದೆ. ಇನ್ನೊಂದು ಪಾಲು ಹೊಗೆಯೊಡನೆ ಹೊರಗೆ ಹೋಗುತ್ತದೆ. ಉಳಿದ ಪಾಲು ಶಾಖವಾಗಿ ಎಂಜಿನ್ನಿನ ಮೈಯಲ್ಲಿಯೇ ನಿಲ್ಲುತ್ತದೆ. ಈ ಶಾಖವನ್ನು ಕ್ಷಣಕ್ಷಣಕ್ಕೂ ಹೊರಕ್ಕೆ ಸಾಗಿಸದಿದ್ದರೆ ಎಣ್ಣೆ ತನ್ನ ಜಿಡ್ಡನ್ನು ಕಳೆದುಕೊಳ್ಳುತ್ತದೆ. ಲೋಹ ಹಿಗ್ಗಿ, ಪಿಸ್ಟನ್ನು ಸಿಲಿಂಡರಿನಲ್ಲಿ ಕಚ್ಚಿಕೊಂಡು, ಎಂಜಿನ್ ನಿಂತುಹೋಗುತ್ತದೆ.

ಈ ಸಮಸ್ಯೆ ಮೋಟಾರು ಕಾರಿನಷ್ಟೇ ಹಳೆಯದು. ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ಹಕ್ಕುಪತ್ರ ಪಡೆದ ಮೂರು ಗಾಲಿಗಳ ವಾಹನದಲ್ಲಿ, ಎಂಜಿನ್ನಿನ ಸುತ್ತ ಇದ್ದ ನೀರು ಕಾದು ಆವಿಯಾಗಿ ಹೋಗುತ್ತಿತ್ತು. 1888ರಲ್ಲಿ ಅವನ ಪತ್ನಿ ಬರ್ತಾ ಬೆಂಜ್ ತನ್ನ ಇಬ್ಬರು ಗಂಡುಮಕ್ಕಳೊಡನೆ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ, 100 ಕಿಲೋಮೀಟರಿಗೂ ಮೀರಿದ ದಾರಿಯನ್ನು ಆ ವಾಹನದಲ್ಲಿ ಕ್ರಮಿಸಿದಳು. ಆ ಪ್ರಯಾಣದ ಉದ್ದಕ್ಕೂ ಮತ್ತೆ ಮತ್ತೆ ನಿಂತು ನೀರು ತುಂಬಿಸಬೇಕಾಯಿತು. 1900ರ ವೇಳೆಗೆ ವಿಲ್‌ಹೆಲ್ಮ್ ಮೇಬಾಕ್ ಎಂಬ ತಂತ್ರಜ್ಞನು ಜೇನುಹುಟ್ಟಿನಂತೆ ಸಾವಿರಾರು ಸಣ್ಣ ರಂಧ್ರಗಳುಳ್ಳ ರೇಡಿಯೇಟರನ್ನು ರೂಪಿಸಿದನು. ಅಂದಿನಿಂದ ಒಮ್ಮೆ ತುಂಬಿದ ನೀರೇ ಸುತ್ತಿ ಸುತ್ತಿ ಬಂದು ಎಂಜಿನ್ನನ್ನು ತಣಿಸುವುದು ಸುಲಭವಾಯಿತು.

ನೀರೇ ಬೇಡದ ಎಂಜಿನ್ನುಗಳೂ ಉಂಟು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ ಮೋಟಾರು ಸೈಕಲ್ಲುಗಳನ್ನು ನೋಡಿದವರು ಅವುಗಳ ಸಿಲಿಂಡರಿನ ಸುತ್ತ ಸಾಲಾಗಿ ಎದ್ದು ನಿಂತ ಲೋಹದ ರೆಕ್ಕೆಗಳನ್ನು ಗಮನಿಸಿರಬಹುದು. ಅವು ಅಲಂಕಾರಕ್ಕಾಗಿ ಇಟ್ಟವಲ್ಲ. ಗಾಳಿಗೆ ತೆರೆದುಕೊಳ್ಳುವ ಮೈಯನ್ನು ಹೆಚ್ಚಿಸಿ, ಬೀಸುವ ಗಾಳಿಗೇ ಶಾಖವನ್ನು ಒಪ್ಪಿಸುವುದು ಅವುಗಳ ಕೆಲಸ. ಆದರೆ ಕಾರಿನ ಎಂಜಿನ್ ದೊಡ್ಡದು; ಬಾನೆಟ್ಟಿನ ಒಳಗೆ ಅಡಗಿ ಕುಳಿತಿರುವಂಥದು. ಆದುದರಿಂದ ಅದಕ್ಕೆ ಸಾಮಾನ್ಯವಾಗಿ ದ್ರವದ ನೆರವು ಬೇಕು.

ಈ ವ್ಯವಸ್ಥೆಯು ಕೆಲಸ ಮಾಡುವ ಕ್ರಮ ಸರಳವಾಗಿದೆ. ಸಿಲಿಂಡರುಗಳ ಸುತ್ತಲಿನ ಪೊಳ್ಳು ಭಾಗದಲ್ಲಿ ಪಂಪು ದ್ರವವನ್ನು ಹರಿಸುತ್ತದೆ. ಅದು ಶಾಖವನ್ನು ಹೀರಿಕೊಂಡು ರಬ್ಬರಿನ ಕೊಳವೆಯ ಮೂಲಕ ರೇಡಿಯೇಟರಿಗೆ ಬಂದು, ಅಲ್ಲಿನ ಸಣ್ಣ ನಳಿಗೆಗಳಲ್ಲಿ ಇಳಿಯುತ್ತ ಗಾಳಿಗೆ ಶಾಖವನ್ನು ಬಿಟ್ಟುಕೊಟ್ಟು, ತಣಿದು ಮತ್ತೆ ಎಂಜಿನ್ನಿಗೆ ಮರಳುತ್ತದೆ. ಕಾರು ವೇಗವಾಗಿ ಓಡುವಾಗ ಎದುರುಗಾಳಿಯೇ ಸಾಕಾಗುತ್ತದೆ. ಬೆಟ್ಟದ ಏರಿನಲ್ಲಿ ತೆವಳುವಾಗ, ದಸರೆಯ ಜನಸಂದಣಿಯ ನಡುವೆ ನಿಂತು ನಿಂತು ಸಾಗುವಾಗ, ಆ ಗಾಳಿಯನ್ನು ಎಳೆದು ತರಬೇಕಾದುದು ಫ್ಯಾನು. ಎಂಜಿನ್ ತೀರ ತಣ್ಣಗಿದ್ದರೂ ಒಳ್ಳೆಯದಲ್ಲ. ಆದಕಾರಣ ಥರ್ಮೋಸ್ಟ್ಯಾಟ್ ಎಂಬ ಚಿಕ್ಕ ಕವಾಟವು, ದ್ರವವು ಸುಮಾರು 80ರಿಂದ 90 ಡಿಗ್ರಿಯವರೆಗೆ ಕಾಯುವ ತನಕ ರೇಡಿಯೇಟರಿನ ದಾರಿಯನ್ನು ಮುಚ್ಚಿಟ್ಟು, ಅನಂತರ ತೆರೆಯುತ್ತದೆ.

ಇನ್ನು ಅಪಾಯದ ಮೂಲವಾದ ಮುಚ್ಚಳದ ವಿಚಾರ. ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆಂದು ವಿದ್ಯಾರ್ಥಿಗಳು ಓದಿರುತ್ತಾರೆ. ಅದು ಸಮುದ್ರಮಟ್ಟದ ಮಾತು. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಅದರೊಡನೆ ಕುದಿಯುವ ಬಿಂದುವೂ ಇಳಿಯುತ್ತದೆ. ಸುಮಾರು 770 ಮೀಟರು ಎತ್ತರದ ಮೈಸೂರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. ಸುಮಾರು 2,240 ಮೀಟರು ಎತ್ತರದ ಉದಕಮಂಡಲದಲ್ಲಿ 93 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಎಂಜಿನ್ ಅತ್ಯಂತ ಹೆಚ್ಚು ಶ್ರಮಪಡುವ ಬೆಟ್ಟದ ಏರಿನಲ್ಲಿಯೇ ನೀರು ಬೇಗನೆ ಕುದಿಯುವ ಈ ಪ್ರತಿಕೂಲವನ್ನು ನೀಗಿಸುವುದಕ್ಕಾಗಿ ಮುಚ್ಚಳವನ್ನು ಬಿಗಿಯಾಗಿ ಮಾಡಿ, ಒಳಗೆ ಒತ್ತಡ ಏರುವಂತೆ ಏರ್ಪಡಿಸಿರುತ್ತಾರೆ. ವಾತಾವರಣದ ಒತ್ತಡದ ಮೇಲೆ ಇನ್ನೊಂದು ಅಷ್ಟೇ ಒತ್ತಡ ಸೇರಿದರೆ ನೀರು ಕುದಿಯಲು 120 ಡಿಗ್ರಿಯಷ್ಟು ಶಾಖ ಬೇಕಾಗುತ್ತದೆ.

ಈಗ ಆ ಮುಚ್ಚಳವನ್ನು ತಟ್ಟನೆ ತೆರೆದರೆ ಏನಾಗುತ್ತದೆ? ಒತ್ತಡ ಒಮ್ಮೆಲೇ ಕುಸಿಯುತ್ತದೆ. 110 ಡಿಗ್ರಿಯಲ್ಲಿ ಅದುಮಿಟ್ಟಂತೆ ಇದ್ದ ನೀರು ಆ ಕ್ಷಣದಲ್ಲಿಯೇ ಉಕ್ಕಿ ಕುದಿದು, ಅದರ ಒಂದು ಭಾಗ ಹಬೆಯಾಗಿ ಸಿಡಿಯುತ್ತದೆ. ನೀರು ಹಬೆಯಾದಾಗ ಅದರ ಗಾತ್ರ ಸಾವಿರದ ಆರುನೂರು ಪಟ್ಟಿಗೂ ಹೆಚ್ಚಾಗುತ್ತದೆ. ಬಾಗಿ ನೋಡುತ್ತಿರುವವನ ಮುಖ, ಕಣ್ಣು, ಎದೆಗಳ ಮೇಲೆ ಅದು ಚಿಮ್ಮುವುದನ್ನು ಕರವಸ್ತ್ರವು ತಡೆಯಲಾರದು. ಹಬೆಯ ಸುಡುವಿಕೆ ಕುದಿಯುವ ನೀರಿಗಿಂತಲೂ ಘೋರವಾದುದು. ಒಂದು ಗ್ರಾಂ ಹಬೆ ಚರ್ಮದ ಮೇಲೆ ನೀರಾಗಿ ಇಳಿಯುವಾಗಲೇ ಸುಮಾರು 540 ಕ್ಯಾಲೊರಿ ಶಾಖವನ್ನು ಸುರಿದುಬಿಡುತ್ತದೆ.

ಹಾಗಾದರೆ ವಿವೇಕಿಯಾದ ಚಾಲಕನು ಮಾಡತಕ್ಕದ್ದೇನು? ಕಾರು ನಿಲ್ಲುವ ಮೊದಲೇ ಅದು ಎಚ್ಚರಿಕೆ ಕೊಟ್ಟಿರುತ್ತದೆ. ಚಾಲಕನ ಎದುರಿಗಿರುವ ಉಷ್ಣತಾಸೂಚಕದ ಮುಳ್ಳು ಮೇಲೇರುತ್ತದೆ, ಅಥವಾ ಕೆಂಪು ದೀಪ ಹೊತ್ತುತ್ತದೆ. ಮುಳ್ಳು ಏರತೊಡಗಿದ ಕೂಡಲೆ ಏರ್ ಕಂಡೀಷನರನ್ನು ನಿಲ್ಲಿಸಬೇಕು. ಹೀಟರನ್ನು ಪೂರ್ತಿಯಾಗಿ ಹಾಕಬೇಕು. ಬಿರುಬೇಸಿಗೆಯಲ್ಲಿ ಹೀಟರೇ ಎಂದು ನಗು ಬರಬಹುದು. ಆದರೆ ಕಾರಿನ ಹೀಟರು ಪ್ರತ್ಯೇಕವಾದ ಒಲೆಯಲ್ಲ. ಎಂಜಿನ್ನಿನಲ್ಲಿ ಕಾದ ದ್ರವದ ಒಂದು ಪಾಲನ್ನೇ ಒಳಗಿನ ಇನ್ನೊಂದು ಪುಟ್ಟ ರೇಡಿಯೇಟರಿನಲ್ಲಿ ಹರಿಸಿ, ಅದರ ಮೇಲೆ ಗಾಳಿ ಬೀಸಿದರೆ ಅದೇ ಹೀಟರು. ಅದನ್ನು ಹಾಕಿದಾಗ ಎಂಜಿನ್ನಿನ ಶಾಖ ಹೊರಬರಲು ಎರಡನೆಯ ಬಾಗಿಲು ತೆರೆದಂತಾಗುತ್ತದೆ. ಕಿಟಕಿಗಳನ್ನು ಇಳಿಸಿಕೊಂಡು, ಒಳಗಿನವರು ಸ್ವಲ್ಪ ಬೆವರಿದರೆ ಎಂಜಿನ್ನಿನ ಬೇಗೆ ಕೊಂಚ ಇಳಿಯುತ್ತದೆ.

ಆದರೂ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿದರೆ, ಇಲ್ಲವೆ ಹಬೆ ಕಂಡರೆ, ರಸ್ತೆಯ ಅಂಚಿಗೆ ಸರಿದು ಎಂಜಿನ್ನನ್ನು ನಿಲ್ಲಿಸಿಬಿಡಬೇಕು. ಎಲ್ಲರೂ ಇಳಿದು ದೂರ ನಿಲ್ಲಬೇಕು. ಕನಿಷ್ಠ ಅರ್ಧ ಗಂಟೆ ಮುಚ್ಚಳವನ್ನು ಮುಟ್ಟಬಾರದು. ಇಂದಿನ ಹಲವು ಕಾರುಗಳಲ್ಲಿ ಆ ಮುಚ್ಚಳವು ಪಕ್ಕದ ಪ್ಲಾಸ್ಟಿಕ್ ತೊಟ್ಟಿಯ ಮೇಲಿರುತ್ತದೆ; ಅದಕ್ಕೂ ಈ ನಿಯಮವೇ ಅನ್ವಯಿಸುತ್ತದೆ. ವಿದ್ಯುತ್ ಫ್ಯಾನು ಎಂಜಿನ್ ನಿಂತ ಮೇಲೂ ತಾನಾಗಿಯೇ ತಿರುಗಬಹುದಾದ್ದರಿಂದ ಅದರ ಬಳಿ ಬೆರಳು ಒಯ್ಯಬಾರದು. ಎಲ್ಲವೂ ತಣಿದ ಮೇಲೆ ದಪ್ಪ ಬಟ್ಟೆಯನ್ನು ಹಾಕಿ, ಮುಖವನ್ನು ಆಚೆಗೆ ತಿರುಗಿಸಿ, ಮುಚ್ಚಳವನ್ನು ಸ್ವಲ್ಪವೇ ಸಡಿಲಿಸಿ, ಉಳಿದ ಒತ್ತಡವನ್ನು ಬಿಟ್ಟು, ಆಮೇಲೆ ಪೂರ್ತಿ ತೆರೆಯಬೇಕು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡುವ ಸಂಭವ ಉಂಟು.

ಅಕಸ್ಮಾತ್ತಾಗಿ ಯಾರಿಗಾದರೂ ಸುಟ್ಟರೆ, ಆ ಭಾಗದ ಮೇಲೆ ಸುಮಾರು 20 ನಿಮಿಷ ತಂಪಾದ ಶುದ್ಧ ನೀರನ್ನು ಹರಿಸಬೇಕು. ಉಂಗುರ, ಬಳೆ, ಗಡಿಯಾರಗಳನ್ನು ಊತ ಬರುವ ಮೊದಲೇ ತೆಗೆಯಬೇಕು. ಶಾಯಿ, ಬೆಣ್ಣೆ, ಹಲ್ಲಿನ ಪೇಸ್ಟುಗಳನ್ನು ಹಚ್ಚುವ ರೂಢಿ ಹಾನಿಕರ. ಶುಚಿಯಾದ ಬಟ್ಟೆಯನ್ನು ಹೊದಿಸಿ, 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಕರೆದೊಯ್ಯಬೇಕು.

ಬೇಸಿಗೆಯ ಮಾತು ಹೀಗಾದರೆ ಚಳಿಯ ಮಾತು ಬೇರೆ. ಮೈಸೂರಿನೊಳಗೆ ಹೀಟರಿನ ಅಗತ್ಯ ಅಪರೂಪ. ಡಿಸೆಂಬರ್, ಜನವರಿಯಲ್ಲಿ ಉದಕಮಂಡಲಕ್ಕೆ ಹೋದವರಿಗೆ ಅದರ ಬೆಲೆ ತಿಳಿಯುತ್ತದೆ. ಹುಲ್ಲಿನ ಮೇಲೆ ಹಿಮ ಕಟ್ಟುವ ಅಲ್ಲಿನ ಮುಂಜಾನೆಗಳಲ್ಲಿ, ಮುಂದಿನ ಗಾಜಿಗೆ ಹಿಡಿದ ಮಂಜನ್ನು ಬಿಡಿಸಿ ದಾರಿ ಕಾಣಿಸುವುದೂ ಹೀಟರಿನ ಗಾಳಿಯೇ. ಆದರೆ ಬೆಚ್ಚಗಿರಲೆಂದು ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ನನ್ನು ಓಡಿಸುತ್ತ ಕುಳಿತುಕೊಳ್ಳುವುದು, ಅಥವಾ ಹಾಗೆಯೇ ಕಾರಿನಲ್ಲಿ ಮಲಗುವುದು ಸಾವನ್ನು ಕರೆದಂತೆ. ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ನಿದ್ದೆ ಬಂದಂತೆ ತೋರಿ, ಆ ನಿದ್ದೆಯಿಂದ ಏಳದೆ ಹೋಗುವುದುಂಟು.

ಇವೆಲ್ಲಕ್ಕಿಂತ ಮಿಗಿಲಾದುದು ಮುನ್ನೆಚ್ಚರಿಕೆ. ಮೈಸೂರಿನಿಂದ ನಂಜನಗೂಡು, ಗುಂಡ್ಲುಪೇಟೆಗಳನ್ನು ಹಾದು ಉದಕಮಂಡಲಕ್ಕೆ ಹೋಗುವ ದಾರಿಯು ಬಂಡೀಪುರದ ಕಾಡನ್ನು ಸೀಳಿಕೊಂಡು ಸಾಗುತ್ತದೆ. ಆನೆ, ಹುಲಿಗಳಿರುವ ಆ ಅರಣ್ಯದಲ್ಲಿ ವಾಹನ ನಿಲ್ಲಿಸುವುದಾಗಲಿ ಇಳಿಯುವುದಾಗಲಿ ನಿಷಿದ್ಧ. ಮಸಿನಗುಡಿಯ ದಾರಿ ಹಿಡಿದರೆ ಮುಂದೆ ಕಲ್ಲಟ್ಟಿ ಘಟ್ಟದ 36 ಕಡಿದಾದ ತಿರುವುಗಳು ಕಾದಿರುತ್ತವೆ. ಅಲ್ಲಿ ಪರಿತಪಿಸುವ ಬದಲು, ಬೆಳಿಗ್ಗೆ ಮನೆಯ ಮುಂದೆ ಎಂಜಿನ್ ತಣ್ಣಗಿರುವಾಗಲೇ ದ್ರವದ ಮಟ್ಟ, ರಬ್ಬರು ಕೊಳವೆ, ಬೆಲ್ಟು, ನೆಲದ ಮೇಲಿನ ತೇವ ಇವುಗಳನ್ನು ಪರೀಕ್ಷಿಸಲು ಐದು ನಿಮಿಷ ಸಾಕು. ಕೊಳವೆಬಾವಿಯ ಗಡಸು ನೀರನ್ನು ತುಂಬಬಾರದು. ಬಚ್ಚಲ ಹಂಡೆಯ ತಳದಲ್ಲಿ ಕಟ್ಟುವ ಸುಣ್ಣದಂಥ ಪದರವೇ ರೇಡಿಯೇಟರಿನ ನಳಿಗೆಗಳಲ್ಲಿಯೂ ಕಟ್ಟಿ, ಹರಿವನ್ನು ತಡೆಯುತ್ತದೆ. ತಯಾರಕರು ಸೂಚಿಸಿದ ಕೂಲೆಂಟನ್ನೇ ಬಳಸಬೇಕು. ಅದರಲ್ಲಿ ಸಾಮಾನ್ಯವಾಗಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಪರಿಣಾಮದಲ್ಲಿ ವಿಷ. ಚೆಲ್ಲಿದುದನ್ನು ಮಕ್ಕಳಾಗಲಿ ನಾಯಿ ದನಗಳಾಗಲಿ ನೆಕ್ಕದಂತೆ ಕೂಡಲೆ ತೊಳೆದುಬಿಡಬೇಕು.

ಬೆಟ್ಟದ ದಾರಿಯಲ್ಲಿ ಅರ್ಧ ಗಂಟೆ ಕಳೆದಿದೆ. ಹುಡುಗನು ತಡೆಗೋಡೆಯ ಬಳಿ ನಿಂತು, ಕೆಳಗೆ ಬಿಸಿಲಿನಲ್ಲಿ ಹರಡಿಕೊಂಡ ನಗರವನ್ನೂ, ಲಲಿತಮಹಲಿನ ಬಿಳಿಯ ಗುಮ್ಮಟವನ್ನೂ, ಕಾರಂಜಿ ಕೆರೆಯ ಹೊಳಪನ್ನೂ ನೋಡಿ ಮುಗಿಸಿದ್ದಾನೆ. ಮುದುಕನು ಮುಖ ಆಚೆ ಮಾಡಿ ಮುಚ್ಚಳವನ್ನು ಸಡಿಲಿಸುತ್ತಾನೆ. ಸಣ್ಣ ನಿಟ್ಟುಸಿರಿನಂಥ ಸದ್ದಾಗುತ್ತದೆ, ಅಷ್ಟೆ. ನೀರು ತುಂಬಿ, ಸೋರಿಕೆಯಿಲ್ಲವೆಂದು ನೋಡಿ, “ಇಳಿದ ಮೇಲೆ ಮೆಕ್ಯಾನಿಕ್ಕಿಗೆ ಒಮ್ಮೆ ತೋರಿಸಿಬಿಡಿ ಸ್ವಾಮಿ” ಎಂದು ಹೇಳಿ ಅವನು ತನ್ನ ಟ್ಯಾಕ್ಸಿಯನ್ನು ಏರುತ್ತಾನೆ. ಯಜಮಾನನು ಮಗನ ಹೆಗಲ ಮೇಲೆ ಕೈಯಿಟ್ಟು ಸುಮ್ಮನೆ ನಿಂತಿದ್ದಾನೆ.

ಕನ್ನಡದಲ್ಲಿ ‘ಕಾಯು’ ಎಂಬ ಒಂದೇ ಪದಕ್ಕೆ ಬಿಸಿಯಾಗು, ನಿರೀಕ್ಷಿಸು, ರಕ್ಷಿಸು ಎಂಬ ಮೂರು ಅರ್ಥಗಳುಂಟು. ಎಂಜಿನ್ ಕಾದಾಗ ಮನುಷ್ಯನು ಕಾಯಬೇಕು. ಆ ಕಾಯುವಿಕೆಯೇ ಅವನನ್ನೂ ಅವನವರನ್ನೂ ಕಾಯುತ್ತದೆ.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿ:
1. ಥರ್ಮೋಸ್ಟ್ಯಾಟಿನ ಕೆಲಸವೇನು?
2. ಜಾವಾ ಮೋಟಾರು ಸೈಕಲ್ಲಿನ ಸಿಲಿಂಡರಿಗೆ ಲೋಹದ ರೆಕ್ಕೆಗಳೇಕೆ?
3. ಕೂಲೆಂಟ್ ಚೆಲ್ಲಿದಾಗ ಕೂಡಲೆ ತೊಳೆಯಬೇಕು, ಏಕೆ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ:
1. ಕಾದ ರೇಡಿಯೇಟರಿನ ಮುಚ್ಚಳವನ್ನು ತೆರೆದರೆ ಆಗುವ ಅನಾಹುತವನ್ನು ಕಾರಣಸಹಿತ ವಿವರಿಸಿ.
2. ಬೇಸಿಗೆಯಲ್ಲಿಯೂ ಹೀಟರು ಎಂಜಿನ್ನಿಗೆ ಹೇಗೆ ನೆರವಾಗುತ್ತದೆ?

ಇ. ‘ಕಾಯು’ ಪದವನ್ನು ಅದರ ಮೂರು ಅರ್ಥಗಳಲ್ಲಿಯೂ ಸ್ವಂತ ವಾಕ್ಯಗಳಲ್ಲಿ ಪ್ರಯೋಗಿಸಿ.